ಸಾರಾಯೆವೊದಿಂದ ಹೈಫಾದವರೆಗೆ

ರಾಜ್ಯೋತ್ಸವಕ್ಕೆಂದು ನಾವು ಪ್ರತಿ ನವೆಂಬರಿನಲ್ಲಿ ಬಾಡಿಗೆಗೆ ಹಿಡಿಯುವ ಸಭಾಂಗಣದ ಎದುರಿಗೆ ಮೊದಲನೇ ಮಹಾಯುದ್ಧದ ಒಂದು ಸ್ಮಾರಕವಿದ್ದು, ಆ ದಿನಗಳಲ್ಲಿ ಅದರ ಬುಡದಲ್ಲಿ ಕೆಂಪು ಗಸಗಸೆ ಹೂವಿನ ಹಾರಗಳಿರುತ್ತವೆ. ಈ ಸಲ ಚಿತ್ರಾನ್ನದ ಪಾತ್ರೆ ಒಳಗಿಟ್ಟು ಬಂದವನು ಕೈ ಒರೆಸಿಕೊಳ್ಳುತ್ತಾ ಅಲ್ಲಿನ ಹೆಸರುಗಳನ್ನು ಓದಿದೆ. ಒಂದೇ ಮನೆತನದ ಹೆಸರು ಮೂರು ಬಾರಿ ಇತ್ತು. ಆಸ್ಟ್ರಿಯಾಕ್ಕೂ ಸರ್ಬಿಯಾಕ್ಕೂ ಹುಟ್ಟಿದ ಜಗಳಕ್ಕಾಗಿ ಬ್ರಿಟನ್ನಿನ ಈ ಸಣ್ಣ ಊರಿನ ಹುಡುಗರು ಸಾಯಬೇಕಾದದ್ದೇಕೆ?

1914ರ ಜೂನ್ 28ರಂದು ಬೋಸ್ನಿಯಾದ ಸಾರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನಾಂಡನ ಕೊಲೆ ಸರ್ಬ್ ಯುವಕನೊಬ್ಬನಿಂದ ಆಯಿತೆಂಬುದನ್ನು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಆದರೆ ಅದು ಕಿಡಿ ಮಾತ್ರ. ಸೌದೆಯನ್ನು ಒಟ್ಟಿದ್ದು ಅದಕ್ಕೂ ಹಿಂದಿನ ಇಪ್ಪತ್ತು ವರ್ಷಗಳ ಪೈಪೋಟಿ. 1894ರಲ್ಲಿ ಫ್ರಾನ್ಸ್ ಮತ್ತು ರಷ್ಯಾ ಒಂದಾದಾಗ ಎರಡೂ ಕಡೆಯಿಂದ ಸಿಕ್ಕಿಬೀಳುವ ಭಯ ಜರ್ಮನಿಯನ್ನು ಹಿಡಿಯಿತು. ಅಷ್ಟು ಸಾಲದೆಂಬಂತೆ ಅದು 1898 ಮತ್ತು 1900ರ ಕಾನೂನುಗಳ ಮೂಲಕ ದೊಡ್ಡ ನೌಕಾಪಡೆಯನ್ನು ಕಟ್ಟಹೊರಟು ಬ್ರಿಟನ್ನನ್ನೂ ಕೆಣಕಿತು. ಬ್ರಿಟನ್ 1904ರಲ್ಲಿ ಫ್ರಾನ್ಸಿನೊಡನೆಯೂ 1907ರಲ್ಲಿ ರಷ್ಯಾದೊಡನೆಯೂ ಹಳೆಯ ತಕರಾರುಗಳನ್ನು ಬಗೆಹರಿಸಿಕೊಂಡಿತು. ತಾನು ಹೆದರಿದ್ದ ಸುತ್ತುಗಟ್ಟನ್ನು ಜರ್ಮನಿ ಬಹುಮಟ್ಟಿಗೆ ತಾನೇ ಕಟ್ಟಿಸಿಕೊಂಡಿತೆಂದು ನನಗನಿಸುತ್ತದೆ. ಹಾಗೆಂದು ಉಳಿದವರು ನಿರಪರಾಧಿಗಳೇನಲ್ಲ. ಸರ್ಬಿಯಾದ ಬೆಂಬಲಕ್ಕೆ ನಿಂತು ಜುಲೈ 30ರಂದು ಇಡೀ ಸೈನ್ಯವನ್ನು ಸಜ್ಜುಗೊಳಿಸಲು ಆಜ್ಞೆ ಹೊರಡಿಸಿದ್ದು ರಷ್ಯಾ.

ಆ ಆಜ್ಞೆ ಅಷ್ಟು ಅಪಾಯಕಾರಿಯಾದದ್ದು ಜರ್ಮನಿಯ ಯುದ್ಧಯೋಜನೆಯಿಂದಾಗಿ. ವಿಶಾಲವಾದ ರಷ್ಯಾ ಸೈನ್ಯವನ್ನು ಒಟ್ಟುಗೂಡಿಸಲು ತಡವಾಗುತ್ತದೆ, ಅಷ್ಟರೊಳಗೆ ಬೆಲ್ಜಿಯಂ ಮೂಲಕ ನುಗ್ಗಿ ಸುಮಾರು ಆರು ವಾರಗಳಲ್ಲಿ ಫ್ರಾನ್ಸನ್ನು ಮಣಿಸಿ ಮತ್ತೆ ಪೂರ್ವಕ್ಕೆ ತಿರುಗಬೇಕು ಎಂಬುದು ಅದರ ಲೆಕ್ಕ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ದೊಡ್ಡ ನಿದರ್ಶನ ನನಗೆ ಕಂಡಿಲ್ಲ. ಬೆಲ್ಜಿಯಂನ ತಾಟಸ್ಥ್ಯಕ್ಕೆ 1839ರ ಒಪ್ಪಂದದಲ್ಲಿ ಸಹಿ ಹಾಕಿದ್ದ ಬ್ರಿಟನ್ ಆಗಸ್ಟ್ 4ರಂದು ಯುದ್ಧಕ್ಕಿಳಿಯಿತು.

ಆಗಸ್ಟ್ 1ರ ಸಂಜೆ ಬರ್ಲಿನ್ನಿನಲ್ಲಿ ನಡೆದದ್ದನ್ನು ನೋಡಿ. ಬ್ರಿಟನ್ ತಟಸ್ಥವಾಗಿ ಉಳಿಯಬಹುದೆಂಬ ತಂತಿ ಲಂಡನ್ನಿನಲ್ಲಿದ್ದ ಜರ್ಮನ್ ರಾಯಭಾರಿಯಿಂದ ಬಂದೊಡನೆ ಹಿಗ್ಗಿದ ಜರ್ಮನಿಯ ಚಕ್ರವರ್ತಿ ಕೈಸರ್, ಹಾಗಿದ್ದರೆ ಸೈನ್ಯವೆಲ್ಲ ಪೂರ್ವಕ್ಕೇ ಹೋಗಲಿ ಎಂದ. ಸೇನಾ ಮುಖ್ಯಸ್ಥ ಮೋಲ್ಟ್ಕೆ ಅದು ಸಾಧ್ಯವೇ ಇಲ್ಲವೆಂದು ಹಟ ಹಿಡಿದ. ರೈಲುಗಳ ವೇಳಾಪಟ್ಟಿ ತಯಾರಿಸಲು ಹಿಡಿದ ತಿಂಗಳುಗಳ ಶ್ರಮವನ್ನು ಒಂದು ರಾತ್ರಿಯಲ್ಲಿ ತಿರುಗಿಸಲಾಗದು ಎಂಬುದು ಅವನ ವಾದ. (ಸೇನೆಯ ರೈಲ್ವೆ ವಿಭಾಗದ ಮುಖ್ಯಸ್ಥ ಮಾತ್ರ, ಅದು ಸಾಧ್ಯವಿತ್ತೆಂದು ತೋರಿಸಲು ಮುಂದೆ ಒಂದು ಪುಸ್ತಕವನ್ನೇ ಬರೆದ.) ಆ ರಾತ್ರಿಯೇ ತಂತಿಯ ಸುದ್ದಿ ತಪ್ಪು ತಿಳಿವಳಿಕೆಯೆಂದು ಗೊತ್ತಾಗಿ, ರೈಲುಗಳು ಪಶ್ಚಿಮಕ್ಕೆ ಹೊರಟವು.

ತುರ್ಕಿಯ ಒಟ್ಟೊಮನ್ ಸಾಮ್ರಾಜ್ಯವೂ ಜರ್ಮನಿಯ ಪಕ್ಷ ಸೇರಿದ್ದರಿಂದ ಈ ಯುದ್ಧ ನಮ್ಮ ನಾಡಿನವರನ್ನೂ ಎಳೆದುಕೊಂಡಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರು ಆಗ ಒಟ್ಟೊಮನ್ನರ ಕೈಯಲ್ಲಿದ್ದ, ಈಗಿನ ಇಸ್ರೇಲಿನ ಹೈಫಾ ಪಟ್ಟಣಕ್ಕೆ ನುಗ್ಗಿದಾಗ, ಕಾರ್ಮೆಲ್ ಬೆಟ್ಟದ ಇಳಿಜಾರನ್ನು ಹತ್ತಿ ಅಲ್ಲಿನ ಫಿರಂಗಿಗಳ ಮೇಲೆ ಬಿದ್ದವರು ಮೈಸೂರು ಲ್ಯಾನ್ಸರ್ಸ್‌ನ ಕುದುರೆ ಸವಾರರು. ನಮ್ಮ ಸಭಾಂಗಣದ ಎದುರಿನ ಕಲ್ಲಿನಲ್ಲಿ ಅವರಿಲ್ಲ. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಇಷ್ಟು ವರ್ಷ ಆ ಕಡೆ ಓಡಾಡಿಯೂ ನಾನು ಒಮ್ಮೆಯೂ ಅದರ ಮುಂದೆ ನಿಂತವನಲ್ಲ.