ಪ್ರೌಢಶಾಲೆಯ ಬ್ಯಾಂಡಿಗೆ ವಾದ್ಯ ಕೊಳ್ಳುವ ಮುನ್ನ

ಮಾನ್ಯ ಸಂಪಾದಕರೇ,

ಶಾಲೆಗಳು ಪುನರಾರಂಭವಾಗಿ ಆಗಸ್ಟ್ 15 ಹತ್ತಿರವಾಗುತ್ತಿದ್ದಂತೆ ನಮ್ಮ ಪ್ರೌಢಶಾಲೆಗಳಲ್ಲಿ ‘ಬ್ಯಾಂಡ್ ಸೆಟ್’ ಕೊಳ್ಳುವ ಮಾತು ಏಳುತ್ತದೆ. ಬಹುಕಾಲ ಸೈಡ್ ಡ್ರಮ್, ಬೇಸ್ ಡ್ರಮ್, ತಾಳ ಹಾಗೂ ಬ್ಯೂಗಲ್‌ಗಳಿಗೇ ಸೀಮಿತವಾಗಿದ್ದ ಈ ಪಟ್ಟಿಗೆ ಈಗ ಕೆಲವು ಕಡೆ ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ನೆರವಿನಿಂದ ಟ್ರಂಪೆಟ್, ಟ್ರಾಂಬೋನ್‌ಗಳೂ ಸೇರುತ್ತಿವೆ. ಕೇಂದ್ರ ಶಿಕ್ಷಣ ಸಚಿವಾಲಯವು ರಕ್ಷಣಾ ಸಚಿವಾಲಯದೊಂದಿಗೆ ನಡೆಸುವ ರಾಷ್ಟ್ರಮಟ್ಟದ ಶಾಲಾ ಬ್ಯಾಂಡ್ ಸ್ಪರ್ಧೆಯಲ್ಲಿ ಬಾಲಕರಿಗೂ ಬಾಲಕಿಯರಿಗೂ ಪ್ರತ್ಯೇಕವಾಗಿ ಬ್ರಾಸ್ ಬ್ಯಾಂಡ್ (ಹಿತ್ತಾಳೆಯ ಊದುವಾದ್ಯಗಳ ಬ್ಯಾಂಡ್) ವಿಭಾಗ ಇರುವುದು ಈ ಉತ್ಸಾಹವನ್ನು ಇನ್ನಷ್ಟು ಹೆಚ್ಚಿಸಿರಬಹುದು. ಸೇನೆಯ ಬ್ಯಾಂಡಿನಲ್ಲಿ ಯೂಫೋನಿಯಂ ಎಂಬ ಕೆಳಸ್ಥಾಯಿಯ ಊದುವಾದ್ಯ ನುಡಿಸಿ ನಿವೃತ್ತನಾಗಿ, ಕೆಲವು ವರ್ಷಗಳಿಂದ ಶಾಲಾ ಮಕ್ಕಳಿಗೆ ಬ್ರಾಸ್ ವಾದ್ಯಗಳನ್ನು ಕಲಿಸುತ್ತಿರುವ ನನಗೆ ಇದು ಸಂತೋಷದ ಸಂಗತಿಯೇ. ಆದರೆ ಆ ವಾದ್ಯಗಳನ್ನು ಆರಿಸುವ ರೀತಿಯನ್ನು ಕಂಡಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಸಾಮಾನ್ಯವಾಗಿ ಆಗುವುದು ಇಷ್ಟು. ಮುಖ್ಯೋಪಾಧ್ಯಾಯರು ದರಪಟ್ಟಿ ಕೇಳುವ ಕಾಗದದಲ್ಲಿ ‘ಟ್ರಂಪೆಟ್ 10’ ಎಂದು ಬರೆಯುತ್ತಾರೆ. ಮೂರು ಅಂಗಡಿಗಳಿಂದ ದರಪಟ್ಟಿ ಬರುತ್ತದೆ. ಕಡಿಮೆ ದರದವರಿಗೆ ಆದೇಶ ಹೋಗುತ್ತದೆ. ಫಳಫಳ ಹೊಳೆಯುವ ಹತ್ತು ಟ್ರಂಪೆಟ್‌ಗಳು ಬಂದಿಳಿದ ದಿನ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಹತ್ತೂ ಟ್ರಂಪೆಟ್‌ಗಳು ಒಂದೇ ಸ್ಥಾಯಿಯಲ್ಲಿ ಒಂದೇ ರಾಗವನ್ನು ಕಿರುಚಿದಾಗ, ಅಡಿಯಲ್ಲಿ ಹಿಡಿದು ನಿಲ್ಲಿಸುವ ನಾದವೇ ಇಲ್ಲದೆ, ಬ್ಯಾಂಡಿನ ಧ್ವನಿ ತೆಳ್ಳಗಾಗಿ ಮೈದಾನದ ಆಚೆ ಬದಿಗೆ ತಲುಪುವಷ್ಟರಲ್ಲಿ ಚದುರಿಹೋಗುತ್ತದೆ. ಮೈಸೂರಿನ ಪೊಲೀಸ್ ಬ್ಯಾಂಡನ್ನು ಜಂಬೂಸವಾರಿಯಲ್ಲಾಗಲಿ ಬನ್ನಿಮಂಟಪದ ಪಂಜಿನ ಕವಾಯತಿನಲ್ಲಾಗಲಿ ಕೇಳಿದವರಿಗೆ ನಾನು ಹೇಳುವ ವ್ಯತ್ಯಾಸ ತಿಳಿದೀತು. ಅಲ್ಲಿ ಮೊದಲು ಎದೆಗೆ ತಾಕುವುದು ಕೆಳಸ್ಥಾಯಿಯ ವಾದ್ಯಗಳ ನಾದ. ಟ್ರಂಪೆಟ್ ಅದರ ಮೇಲೆ ಕುಳಿತು ಹಾಡುತ್ತದೆ.

ಹಾಗಾದರೆ ಬ್ಯೂಗಲ್ ಸಾಲದೇ ಎಂದು ಕೇಳುವವರಿದ್ದಾರೆ. ಬ್ಯೂಗಲ್‌ಗೆ ಸ್ವರ ಬದಲಿಸಲು ಬೆರಳಿನಿಂದ ಒತ್ತುವ ಪಿಸ್ಟನ್‌ಗಳಿಲ್ಲ. ಅದರ ನಾಳದಿಂದ ಸಹಜವಾಗಿ ಹೊಮ್ಮುವ ಐದಾರು ಸ್ವರಗಳಷ್ಟೇ ಬಳಕೆಗೆ ದೊರೆಯುವುದರಿಂದ ಧ್ವಜವಂದನೆಯ ಕರೆಗಳಿಗೆ ಅದು ಸಾಕು. ರಾಷ್ಟ್ರಗೀತೆಯನ್ನಾಗಲಿ ನಾಡಗೀತೆಯನ್ನಾಗಲಿ ಅದರಲ್ಲಿ ನುಡಿಸಲಾಗದು. ಮೂರು ಪಿಸ್ಟನ್‌ಗಳಿರುವ ವಾದ್ಯದಲ್ಲಿ ನಡುವಿನದನ್ನು ಒತ್ತಿದರೆ ಶ್ರುತಿ ಅರ್ಧ ಸ್ವರ ಇಳಿಯುತ್ತದೆ, ಮೊದಲನೆಯದನ್ನು ಒತ್ತಿದರೆ ಒಂದು ಸ್ವರ, ಮೂರನೆಯದರಿಂದ ಒಂದೂವರೆ ಸ್ವರ. ಈ ಮೂರನ್ನು ಕೂಡಿಸಿ ಒತ್ತುವ ಬಗೆಗಳಿಂದಲೇ ಎಲ್ಲ ಸ್ವರಗಳೂ ಕೈಗೆ ಬರುತ್ತವೆ.

ನಾನು ಒತ್ತಿ ಹೇಳಬೇಕೆಂದಿರುವುದು ಈ ಬೆರಳುಗಳ ಲೆಕ್ಕದ ಬಗ್ಗೆಯೇ. ನಮ್ಮ ಪ್ರೌಢಶಾಲೆಯೆಂದರೆ ಎಂಟರಿಂದ ಹತ್ತನೆಯ ತರಗತಿ, ಮೂರೇ ವರ್ಷ. ಹತ್ತನೆಯ ತರಗತಿಗೆ ಬಂದ ಮಗುವನ್ನು ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಹೆಸರಿನಲ್ಲಿ ಮನೆಯವರು ಅಭ್ಯಾಸದಿಂದ ಬಿಡಿಸಿಬಿಡುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಹೀಗೆ ಬ್ಯಾಂಡಿನ ಅರ್ಧದಷ್ಟು ಮಕ್ಕಳು ಪ್ರತಿವರ್ಷ ಹೊಸಬರು. ಒಂದೊಂದು ವಾದ್ಯಕ್ಕೂ ಒಂದೊಂದು ಬೆರಳಿನ ಕ್ರಮ ಕಲಿಸುವಷ್ಟು ಕಾಲ ಯಾವ ಶಿಕ್ಷಕರಿಗೂ ಇರುವುದಿಲ್ಲ. ಆದ್ದರಿಂದ ಬೆರಳಿನ ಕ್ರಮ ಒಂದೇ ಆಗಿರುವ ವಾದ್ಯಗಳ ಕುಟುಂಬವನ್ನು ಆರಿಸಿಕೊಳ್ಳಬೇಕು. ಬಿ-ಫ್ಲಾಟ್ (ಇದು ವಾದ್ಯದ ಮೂಲ ಶ್ರುತಿಯ ಹೆಸರು) ಟ್ರಂಪೆಟ್ಟಿನ ನಾಳವನ್ನು ಬಿಚ್ಚಿ ಉದ್ದಕ್ಕೆ ಇಟ್ಟರೆ ಸುಮಾರು ನಾಲ್ಕೂವರೆ ಅಡಿ ಆಗುತ್ತದೆ. ಬ್ಯಾರಿಟೋನ್ ಮತ್ತು ಯೂಫೋನಿಯಂಗಳದ್ದು ಅದರ ಎರಡರಷ್ಟು, ಸುಮಾರು ಒಂಬತ್ತು ಅಡಿ, ಹಾಗಾಗಿ ನಾದ ಒಂದು ಸ್ಥಾಯಿ ಕೆಳಗೆ. ದೊಡ್ಡ ಬಿ-ಫ್ಲಾಟ್ ಟ್ಯೂಬಾದ್ದು ಮತ್ತೆ ಎರಡರಷ್ಟು, ಹದಿನೆಂಟು ಅಡಿ. ಬ್ರಿಟಿಷ್ ಬ್ರಾಸ್ ಬ್ಯಾಂಡ್‌ಗಳ ಪದ್ಧತಿಯಂತೆ ಇವೆಲ್ಲಕ್ಕೂ ಟ್ರಂಪೆಟ್ಟಿಗೆ ಬಳಸುವ ಲಿಪಿಕ್ರಮವಾದ ಟ್ರೆಬಲ್ ಕ್ಲೆಫ್‌ನಲ್ಲೇ ಸ್ವರಲಿಪಿ ಬರೆದುಕೊಂಡರೆ, ಟ್ರಂಪೆಟ್ ಕಲಿತ ಮಗು ಬ್ಯಾರಿಟೋನ್ ಎತ್ತಿಕೊಂಡಾಗ ಬೆರಳುಗಳಿಗೆ ಹೊಸದಾಗಿ ಕಲಿಯುವುದು ಏನೂ ಇರುವುದಿಲ್ಲ. ತುಟಿ ಮತ್ತು ಉಸಿರು ಮಾತ್ರ ಹೊಂದಿಕೊಳ್ಳಬೇಕು. ಟ್ಯೂಬಾ ನುಡಿಸುತ್ತಿದ್ದ ಹುಡುಗ ಜ್ವರ ಹಿಡಿದು ಮಲಗಿದರೆ ಅವನ ಜಾಗಕ್ಕೆ ಮತ್ತೊಬ್ಬಳನ್ನು ಒಂದು ವಾರದಲ್ಲಿ ಅಣಿಗೊಳಿಸಬಹುದು. ನಾನು ಇದನ್ನು ಮಾಡಿ ನೋಡಿದ್ದೇನೆ.

ಮಧ್ಯದ ಸ್ವರಗಳಿಗಾಗಿ ಫ್ರೆಂಚ್ ಹಾರ್ನ್ ತರಿಸುವ ಶಾಲೆಗಳೂ ಇವೆ. ಅದು ಬಹಳ ಸುಂದರವಾದ ವಾದ್ಯ, ಆದರೆ ಕವಾಯತಿಗೆ ಹೇಳಿಸಿದ್ದಲ್ಲ. ನಾದ ಹೊರಬರುವ ಅದರ ಅಗಲ ಬಾಯಿ ಹಿಂದಕ್ಕೆ ತಿರುಗಿರುತ್ತದೆ. ನಾದವನ್ನು ಮರಳಿಸುವ ಗೋಡೆಗಳಿಲ್ಲದ ಮೈದಾನದಲ್ಲಿ ಸಭಿಕರ ಪಾಲಿಗೆ ಉಳಿಯುವುದು ಅಲ್ಪ. ಜೊತೆಗೆ ಅದರ ಮೇಲಿನ ಸ್ವರಗಳು ಒಂದಕ್ಕೊಂದು ತೀರ ಹತ್ತಿರ ಇರುವುದರಿಂದ, ನಡೆಯುತ್ತ ನುಡಿಸುವ ಎಳೆಯ ಕೈಗೆ ಪಕ್ಕದ ಸ್ವರ ಸಿಕ್ಕಿಬಿಡುವುದೇ ಹೆಚ್ಚು. ಅಮೆರಿಕದ ಪ್ರೌಢಶಾಲೆಗಳು ಈ ಕಾರಣಕ್ಕೇ ನಡಿಗೆಯ ಬ್ಯಾಂಡಿನಲ್ಲಿ ಮೆಲೊಫೋನ್ ಬಳಸುತ್ತವೆ: ಬಾಯಿ ಮುಂದಕ್ಕೆ, ಬೆರಳಿನ ಕ್ರಮ ಟ್ರಂಪೆಟ್ಟಿನದೇ. ನಮ್ಮಲ್ಲಿ ಇ-ಫ್ಲಾಟ್ ಟೆನರ್ ಹಾರ್ನ್ ಅಗ್ಗವಾಗಿ ಸಿಗುತ್ತದೆ, ಬೆರಳಿನ ಕ್ರಮ ಅದಕ್ಕೂ ಅದೇ. ಎರಡರಲ್ಲಿ ಯಾವುದಾದರೂ ಸರಿ. ಆದರೆ ಮೆಲೊಫೋನ್‌ನ ಶ್ರುತಿ ಎಫ್ ಆದ್ದರಿಂದ ಇ-ಫ್ಲಾಟ್‌ಗೆ ಬರೆದ ಹಾಳೆಯನ್ನು ಅದರಲ್ಲಿ ಹಾಗೆಯೇ ನುಡಿಸಿದರೆ ಎಲ್ಲರಿಗಿಂತ ಒಂದು ಸ್ವರ ಮೇಲೆ ಹೋಗುತ್ತದೆ. ಕೈಯಲ್ಲಿರುವ ಸ್ವರಲಿಪಿ ನೋಡಿ ವಾದ್ಯ ಕೊಳ್ಳುವುದು ಲೇಸು.

ಟ್ರಾಂಬೋನ್ ಜನಕ್ಕೆ ಪ್ರಿಯ. ಅದರ ಜಾರುನಾಳದ ಏಳು ನೆಲೆಗಳಲ್ಲಿ ಕೊನೆಯ ಎರಡು ಎಂಟನೆಯ ತರಗತಿಯ ಮಗುವಿನ ತೋಳಿಗೆ ಎಟಕುವುದು ಕಷ್ಟ. ಬೆರಳಿನ ಲೆಕ್ಕವೂ ಅದಕ್ಕೆ ಅನ್ವಯಿಸುವುದಿಲ್ಲ. ಜಾರುನಾಳ ಮುಂದಿನ ಸಾಲಿನವರ ಬೆನ್ನಿಗೆ ತಾಗದಂತೆ ಅದನ್ನು ನುಡಿಸುವವರನ್ನು ಮೊದಲ ಸಾಲಿನಲ್ಲೇ ನಡೆಸಬೇಕು. ಉದ್ದ ಕೈಯ ಇಬ್ಬರು ಸಿಕ್ಕರೆ ಎರಡು ಸಾಕು, ಸಿಗದಿದ್ದರೆ ಬಿಟ್ಟರೂ ನಷ್ಟವಿಲ್ಲ.

ಸೂಸಾಫೋನ್ ಬಗ್ಗೆ ಎರಡು ಮಾತು. ಬ್ಯಾಂಡ್ ನಿರ್ದೇಶಕ ಜಾನ್ ಫಿಲಿಪ್ ಸೂಸಾ ಅವರ ಇಚ್ಛೆಯಂತೆ 1890ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ, ಟ್ಯೂಬಾದ ಬಗೆಯ ಈ ವಾದ್ಯವನ್ನು ಹೆಗಲಿಗೆ ಸುತ್ತಿಕೊಂಡು ನಡೆಯಬಹುದು. ಆದರೆ ಹಿತ್ತಾಳೆಯದಾದರೆ ಹತ್ತು ಕಿಲೋಗೂ ಮೀರಿದ ತೂಕ. ಹದಿಮೂರು ವರ್ಷದ ಮಗುವಿನ ಒಂದೇ ಹೆಗಲ ಮೇಲೆ ಅದನ್ನು ಹೊರಿಸಿ ಬಿಸಿಲಿನಲ್ಲಿ ಮುಕ್ಕಾಲು ಗಂಟೆ ನಿಲ್ಲಿಸುವುದನ್ನು ನಾನು ಒಪ್ಪಲಾರೆ. ಫೈಬರ್‌ನದು ಸಾಕಷ್ಟು ಹಗುರ. ನಾದ ತುಸು ಒಣಗಿದಂತೆ ಕೇಳಿಸಿದರೂ ಮಗುವಿನ ಬೆನ್ನು ಉಳಿಯುತ್ತದೆ.

ಇಪ್ಪತ್ತನಾಲ್ಕು ಮಕ್ಕಳ ಬ್ಯಾಂಡಿನಲ್ಲಿ ಎಂಟು ಮಂದಿಯನ್ನು ಡ್ರಮ್ ಮತ್ತು ತಾಳಗಳಿಗೆ ಬಿಟ್ಟರೆ, ಉಳಿದ ಹದಿನಾರರಲ್ಲಿ ಟ್ರಂಪೆಟ್ ಆರು, ಟೆನರ್ ಹಾರ್ನ್ ಮೂರು, ಬ್ಯಾರಿಟೋನ್ ಅಥವಾ ಯೂಫೋನಿಯಂ ಐದು, ಟ್ಯೂಬಾ ಅಥವಾ ಸೂಸಾಫೋನ್ ಎರಡು ಎಂಬುದು ನನ್ನ ಅಂದಾಜು. ಟ್ರಾಂಬೋನ್ ಬೇಕೆಂದವರು ಬ್ಯಾರಿಟೋನ್‌ಗಳಲ್ಲಿ ಎರಡನ್ನು ಬದಲಿಸಿಕೊಳ್ಳಲಿ. ಯೂಫೋನಿಯಂ ವಾದಕನ ಪಕ್ಷಪಾತ ಇದರಲ್ಲಿ ಇಣುಕಿರಬಹುದು, ಓದುಗರು ಮನ್ನಿಸಬೇಕು.

ಇನ್ನು ವಾದ್ಯದ ಗುಣಮಟ್ಟ. ಉತ್ತರ ಪ್ರದೇಶದ ಮೇರಠ್‌ನ ಜಾಲಿ ಕೋಠಿ ಪ್ರದೇಶ ಬ್ರಾಸ್ ವಾದ್ಯಗಳ ತಯಾರಿಕೆಗೆ ಹೆಸರಾದದ್ದು. ಅಲ್ಲಿಂದ ಒಳ್ಳೆಯ ವಾದ್ಯಗಳೂ ಬರುತ್ತವೆ, ಮದುವೆ ಮೆರವಣಿಗೆಗೆಂದೇ ಮಾಡಿದ ಅಗ್ಗದವೂ ಬರುತ್ತವೆ. ಹೊರಗಿನ ಹೊಳಪು ಎರಡಕ್ಕೂ ಒಂದೇ. ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಪಿಸ್ಟನ್ ಒತ್ತದೆ ಅದಕ್ಕೆ ಸೇರಿದ ಸಣ್ಣ ನಾಳವನ್ನು ಅರ್ಧದಷ್ಟು ಹೊರಗೆಳೆದು, ಒಂದೆರಡು ಕ್ಷಣ ತಡೆದು, ಆಮೇಲೆ ಪಿಸ್ಟನ್ ಒತ್ತಿ. ‘ಟಪ್’ ಎಂಬ ಸದ್ದು ಕೇಳಿದರೆ ಗಾಳಿ ಸೋರುತ್ತಿಲ್ಲ ಎಂದು ಅರ್ಥ. ಸದ್ದಿಲ್ಲದಿದ್ದರೆ ಆ ವಾದ್ಯವನ್ನು ಮಗು ಎಷ್ಟು ಊದಿದರೂ ಉಸಿರು ವ್ಯರ್ಥ. ಹಳೆಯ ವಾದ್ಯ ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳುವವರು ಶ್ರುತಿಮಾಪಕದಿಂದ ಅಳೆದು ನೋಡಬೇಕು. ಬ್ರಿಟನ್ನಿನ ಬ್ರಾಸ್ ಬ್ಯಾಂಡ್‌ಗಳು 1960ರ ದಶಕದವರೆಗೂ ‘ಎ’ ಸ್ವರಕ್ಕೆ ಸೆಕೆಂಡಿಗೆ ಇಂದಿನ 440 ಕಂಪನಗಳ ಬದಲು 452ರ ಆಸುಪಾಸಿನ ಮೇಲ್ಶ್ರುತಿಯನ್ನೇ ಬಳಸುತ್ತಿದ್ದವು. ಅಂಥ ಒಂದು ವಾದ್ಯ ಹೊಸವುಗಳ ನಡುವೆ ಸೇರಿಕೊಂಡರೆ, ನುಡಿಸುವ ಮಗುವಿಗೆ ಬೈಗುಳ ತಪ್ಪುವುದಿಲ್ಲ, ಶ್ರುತಿಯೂ ಸೇರುವುದಿಲ್ಲ.

ನಾನು ಕಲಿಸಲು ಹೋದ ಶಾಲೆಯೊಂದರಲ್ಲಿ ಜನವರಿ 26ರ ಬೆಳಿಗ್ಗೆ ಆರು ಟ್ರಂಪೆಟ್‌ಗಳ ಪಿಸ್ಟನ್‌ಗಳೂ ಅಲುಗದೆ ನಿಂತುಬಿಟ್ಟವು. ವಿಚಾರಿಸಿದಾಗ, ವಾಲ್ವ್ ಎಣ್ಣೆ ಮುಗಿದಿತ್ತೆಂದು ಹಿಂದಿನ ಸಂಜೆ ಯಾರೋ ಕೊಬ್ಬರಿ ಎಣ್ಣೆ ಹಾಕಿದ್ದು ತಿಳಿಯಿತು. ಚಳಿಗೆ ಅದು ಒಳಗೇ ಗಟ್ಟಿಯಾಗಿತ್ತು. ಇನ್ನೊಂದು ಕಡೆ, ದೇವರ ಪಾತ್ರೆ ತೊಳೆದಷ್ಟೇ ಶ್ರದ್ಧೆಯಿಂದ ಹುಣಸೆಹಣ್ಣು ಮತ್ತು ಬೂದಿ ಹಚ್ಚಿ ಟ್ರಂಪೆಟ್‌ಗಳನ್ನು ಉಜ್ಜಿ, ಮೇಲಿನ ಮೆರುಗಿನ ಲೇಪವನ್ನೇ ಕಿತ್ತುಹಾಕಿದ್ದರು. ಉಜ್ಜಿದವರನ್ನು ದೂರುವಂತಿಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ. ವಾದ್ಯಕ್ಕೆ ಮೀಸಲಿಟ್ಟ ಹಣದಲ್ಲಿ ಒಂದು ಪಾಲನ್ನು ವಾಲ್ವ್ ಎಣ್ಣೆ, ನಾಳಕ್ಕೆ ಹಚ್ಚುವ ಗ್ರೀಸ್, ಒಳಗೆ ತೊಳೆಯುವ ಬ್ರಷ್, ಗಟ್ಟಿ ಪೆಟ್ಟಿಗೆ ಮತ್ತು ಪ್ರತಿ ಮಗುವಿಗೂ ಅವರದೇ ಆದ ಮೌತ್‌ಪೀಸ್‌ಗಾಗಿ ತೆಗೆದಿಡಬೇಕು. ಒಬ್ಬರ ಎಂಜಲನ್ನು ಮತ್ತೊಬ್ಬರು ಊದಬಾರದೆಂಬುದನ್ನು ನಮ್ಮ ಮನೆಗಳಲ್ಲಿ ಹೊಸದಾಗಿ ಕಲಿಸಬೇಕಾಗಿಲ್ಲ.

ಹೀಗಾಗಿ ದರಪಟ್ಟಿ ಕೇಳುವ ಕಾಗದದಲ್ಲಿ ವಾದ್ಯದ ಹೆಸರು ಮತ್ತು ಸಂಖ್ಯೆಯ ಜೊತೆಗೆ ಅದರ ಶ್ರುತಿ, ಪಿಸ್ಟನ್‌ಗಳ ಸಂಖ್ಯೆ, ತೂಕದ ಮಿತಿ, ಬಿಡಿಭಾಗಗಳ ಲಭ್ಯತೆ ಮತ್ತು ಒಂದು ವರ್ಷದ ದುರಸ್ತಿಯ ಹೊಣೆಯನ್ನು ಬರೆಯುವಂತೆ ಶಿಕ್ಷಣ ಇಲಾಖೆ ಒಂದು ಮಾದರಿ ನಮೂನೆಯನ್ನು ಶಾಲೆಗಳಿಗೆ ಒದಗಿಸಬೇಕೆಂದು ಕೋರುತ್ತೇನೆ. ಅದನ್ನು ಸಿದ್ಧಪಡಿಸಲು ಪೊಲೀಸ್ ಮತ್ತು ಸೇನಾ ಬ್ಯಾಂಡ್‌ಗಳಿಂದ ನಿವೃತ್ತರಾಗಿ ಊರೂರಲ್ಲಿ ಇರುವವರನ್ನು ಕರೆದರೆ ಯಾರೂ ಇಲ್ಲವೆನ್ನಲಾರರು.

ದಾನಿಗಳಲ್ಲಿಯೂ ಒಂದು ವಿನಂತಿ. ತಮ್ಮ ಹೆಸರು ಎಲ್ಲರಿಗೂ ಕಾಣಲೆಂದು ಅವರು ಬೇಸ್ ಡ್ರಮ್ ಕೊಡಿಸುವುದೇ ಹೆಚ್ಚು. ಮುಂದಿನ ಸಲ ಸೂಸಾಫೋನ್ ಕೊಡಿಸಲಿ. ಮುಂದಕ್ಕೆ ತೆರೆದ ಅದರ ಅಗಲವಾದ ಬಾಯಿಗೆ ಬಟ್ಟೆ ಕಟ್ಟಿದರೆ ಹೆಸರು ಬರೆಸಲು ಬೇಕಾದಷ್ಟು ಜಾಗವಿದೆ.

ಇತಿ,
ನಿವೃತ್ತ ಸೇನಾ ಬ್ಯಾಂಡ್ ವಾದಕ
ಹಾಸನ