ಸರ್ವರ್ ನಿರ್ವಹಣೆಯನ್ನು ಕನ್ನಡದಲ್ಲೇ ಕಲಿಸಬೇಕು

ಸಂಪಾದಕರಿಗೆ,

ಮಾನ್ಯರೇ,

ಬೆಂಗಳೂರಿನ ಕನ್ನಡ ಸಂಘಗಳು, ಸಣ್ಣ ಪತ್ರಿಕೆಗಳು, ಶಾಲೆಗಳ ಹಳೆಯ ವಿದ್ಯಾರ್ಥಿ ಬಳಗಗಳು ಈಗ ತಮ್ಮದೇ ಜಾಲತಾಣ ಇಟ್ಟುಕೊಂಡಿವೆ. ನಾನು ಕಂಡ ಮಟ್ಟಿಗೆ ಅವುಗಳಲ್ಲಿ ಹೆಚ್ಚಿನವು ಬಾಡಿಗೆಗೆ ಪಡೆದ ಲಿನಕ್ಸ್ ಸರ್ವರ್‌ಗಳ ಮೇಲೆ ನಡೆಯುತ್ತವೆ. ಬಾಡಿಗೆಯನ್ನು ತಪ್ಪದೆ ಕಟ್ಟುತ್ತೇವೆ, ಆದರೆ ಕೆಟ್ಟು ನಿಂತಾಗ ಒಳಗೆ ಹೋಗಿ ಏನಾಗಿದೆ ಎಂದು ನೋಡಬಲ್ಲವರು ಸಂಘದಲ್ಲಿ ಒಬ್ಬರೂ ಇರುವುದಿಲ್ಲ. ಇಪ್ಪತ್ತು ವರ್ಷಗಳಿಂದ ಇದೇ ಕೆಲಸದಲ್ಲಿರುವ ನನಗೆ ಈ ಕೊರತೆ ಎಷ್ಟು ದುಬಾರಿ ಎಂಬುದು ಗೊತ್ತಿತ್ತಾದರೂ, ಅದನ್ನು ತುಂಬುವುದು ಎಷ್ಟು ಸುಲಭ ಎಂಬುದು ಮನದಟ್ಟಾದದ್ದು ಕಳೆದ ರಾಜ್ಯೋತ್ಸವದ ಹಿಂದಿನ ರಾತ್ರಿ.

ಅಕ್ಟೋಬರ್ 31ರ ಸಂಜೆ ಬಸವನಗುಡಿಯ ನಮ್ಮ ಸಂಘದ ಜಾಲತಾಣ ನಿಂತುಹೋಯಿತು. ಮರುದಿನದ ಕಾರ್ಯಕ್ರಮಕ್ಕೆ ಹೆಸರು ನೋಂದಾಯಿಸುವ ಪುಟವೂ ಅದರಲ್ಲೇ ಇತ್ತು. ಡೇಟಾಬೇಸ್ ಸಂಪರ್ಕ ಸಿಗುತ್ತಿಲ್ಲ ಎಂಬ ಒಂದು ಸಾಲು ಬಿಟ್ಟರೆ ಪರದೆಯ ಮೇಲೆ ಬೇರೇನೂ ಕಾಣುತ್ತಿರಲಿಲ್ಲ. ಹೋಸ್ಟಿಂಗ್ ಕಂಪನಿಗೆ ಫೋನ್ ಮಾಡಿದರೆ, ಡಿಸ್ಕ್ ತುಂಬಿದೆ, ದೊಡ್ಡ ಪ್ಲ್ಯಾನ್ ತೆಗೆದುಕೊಳ್ಳಿ ಎಂಬ ಉತ್ತರ ಬಂತು. ಜಾಲತಾಣ ನೋಡಿಕೊಳ್ಳುವ ಹುಡುಗ ಡಿಪ್ಲೊಮಾ ಕೊನೆಯ ವರ್ಷದವನು, ಚುರುಕಾದವನು. ಸರ್ವರನ್ನು ಬ್ರೌಸರಿನಿಂದಲೇ ನಡೆಸುವ ಕಂಟ್ರೋಲ್ ಪ್ಯಾನೆಲ್‌ನ ಫೈಲ್ ಮ್ಯಾನೇಜರ್ ತೆರೆದು, ಉಬ್ಬಿಹೋಗಿದ್ದ ಎರರ್ ಲಾಗ್ (ದೋಷಗಳನ್ನು ದಾಖಲಿಸುವ ಕಡತ) ಒಂದನ್ನು ತಾನೇ ಪತ್ತೆಹಚ್ಚಿ ಅಳಿಸಿಯೂ ಇದ್ದ. “ಸರ್, ಫೈಲ್ ಡಿಲೀಟ್ ಮಾಡ್ದೆ, ಆದ್ರೆ ಜಾಗ ವಾಪಸ್ ಬರ್ತಿಲ್ಲ” ಎಂದು ರಾತ್ರಿ ಹನ್ನೊಂದರ ಸುಮಾರಿಗೆ ಫೋನಿನಲ್ಲಿ ಹೇಳುವಾಗ ಅವನು ಅಳುವುದೊಂದು ಬಾಕಿ ಇತ್ತು.

ಮನೆಯಿಂದಲೇ, ದೂರದ ಯಂತ್ರಕ್ಕೆ ಸುರಕ್ಷಿತ ಸಂಪರ್ಕ ಕೊಡುವ ಎಸ್‌ಎಸ್‌ಎಚ್ ಮೂಲಕ ಸರ್ವರ್‌ನೊಳಗೆ ಹೋದೆ. ಡಿಸ್ಕಿನ ಒಟ್ಟು ಲೆಕ್ಕ ಕೊಡುವ ‘ಡಿಎಫ್’ 40 ಜಿಬಿಯೂ ತುಂಬಿದೆ ಎಂದಿತು. ಕಡತಗಳನ್ನು ಒಂದೊಂದಾಗಿ ಕೂಡಿ ಹೇಳುವ ‘ಡಿಯು’ 9 ಜಿಬಿ ಮಾತ್ರ ಎಂದಿತು. ನಡುವಿನ 31 ಜಿಬಿಗೆ ವಾರಸುದಾರರೇ ಇಲ್ಲ. ಈ ಎರಡು ಲೆಕ್ಕ ತಾಳೆಯಾಗದಿದ್ದರೆ ಅನುಭವಿಗಳು ಮೊದಲು ಅನುಮಾನಿಸುವುದು ಅಳಿಸಿದ ಕಡತವನ್ನೇ. ಲಿನಕ್ಸ್‌ನಂಥ ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಕಡತದ ಹೆಸರು ಬೇರೆ, ಅದರೊಳಗಿನ ಸರಕು ಬೇರೆ. ನಾವು ಅಳಿಸಿದಾಗ ಹೋಗುವುದು ಹೆಸರು, ಸರಕಾದರೋ ಅದನ್ನು ತೆರೆದಿಟ್ಟುಕೊಂಡಿರುವ ಪ್ರೋಗ್ರಾಂ ಕೈಬಿಡುವವರೆಗೂ ಡಿಸ್ಕಿನ ಮೇಲೆ ಕುಳಿತೇ ಇರುತ್ತದೆ. ಯಾವ ಪ್ರೋಗ್ರಾಂ ಯಾವ ಕಡತವನ್ನು ಹಿಡಿದುಕೊಂಡಿದೆ ಎಂದು ತೋರಿಸುವ ‘ಎಲ್‌ಎಸ್‌ಓಎಫ್’ ಓಡಿಸಿದಾಗ, ವೆಬ್ ಸರ್ವರ್‌ನ ಹೆಸರಿನ ಮುಂದೆ ಆ ಲಾಗ್, ಪಕ್ಕದಲ್ಲಿ ‘ಡಿಲೀಟೆಡ್’ ಎಂಬ ಗುರುತು ಕಂಡಿತು. ವೆಬ್ ಸರ್ವರನ್ನು ಒಮ್ಮೆ ಮರುಚಾಲನೆ ಮಾಡಿದ್ದರೆ ಜಾಗ ಅಲ್ಲೇ ಸಿಕ್ಕಿಬಿಡುತ್ತಿತ್ತು.

ಹಾಗೆ ಮಾಡುವ ಮೊದಲು ಇನ್ನೊಂದು ಕೆಲಸ ಮಾಡಿದೆ. ಚಾಲನೆಯಲ್ಲಿರುವ ಪ್ರತಿ ಪ್ರೋಗ್ರಾಂ ತೆರೆದಿಟ್ಟ ಕಡತಗಳಿಗೆ ಲಿನಕ್ಸ್ ತನ್ನ ‘ಪ್ರಾಕ್’ ಎಂಬ ಕೋಶದಲ್ಲಿ (ಫೋಲ್ಡರ್) ಒಂದು ದಾರಿ ಇಟ್ಟಿರುತ್ತದೆ. ಹೆಸರು ಅಳಿದ ಕಡತಕ್ಕೂ ಆ ದಾರಿ ತೆರೆದಿರುತ್ತದೆ. ಅಲ್ಲಿಂದ ಲಾಗನ್ನು ಓದಿಸಿ, ‘ಜಿಜಿಪ್’ನಿಂದ ಕುಗ್ಗಿಸುತ್ತ, ಎಸ್‌ಎಸ್‌ಎಚ್ ಮೂಲಕವೇ ನನ್ನ ಮನೆಯ ಕಂಪ್ಯೂಟರಿಗೆ ಹರಿಸಿಕೊಂಡೆ. ಸರ್ವರ್‌ನಲ್ಲಿ ಒಂದು ಕಿಲೋಬೈಟ್ ಜಾಗವೂ ಇಲ್ಲದ ಹೊತ್ತಿನಲ್ಲಿ, ಅಲ್ಲಿ ಏನನ್ನೂ ಬರೆಯದೆ, ಒಂದೇ ಸಾಲಿನ ಆದೇಶದಲ್ಲಿ ಮುಗಿದ ಕೆಲಸವಿದು. ಒಂದೇ ದೂರು ಮತ್ತೆ ಮತ್ತೆ ಬರೆದಿದ್ದ ಲಾಗ್ ಆದ್ದರಿಂದ 31 ಜಿಬಿ ಸರಕು 400 ಎಂಬಿಗೆ ಇಳಿಯಿತು. ಇಷ್ಟು ಪಾಡು ಯಾಕೆಂದರೆ ಲಾಗ್ ಎಂಬುದು ಕಸವಲ್ಲ. ಭಾರತದ ಕಂಪ್ಯೂಟರ್ ತುರ್ತು ಸ್ಪಂದನ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೇವಾದಾತರು, ಡೇಟಾ ಸೆಂಟರ್‌ಗಳು, ಕಂಪನಿಗಳು ಮತ್ತು ಸರ್ಕಾರಿ ಸಂಸ್ಥೆಗಳು 180 ದಿನಗಳ ಲಾಗ್‌ಗಳನ್ನು ಕಾಪಾಡಿಕೊಳ್ಳಬೇಕು, ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕು. ನಮ್ಮಂಥ ಸಣ್ಣ ಸಂಘಕ್ಕೆ ಅದು ಎಷ್ಟು ಅನ್ವಯಿಸುತ್ತದೆ ಎಂಬ ಚರ್ಚೆ ಬೇರೆ. ಯಾರಾದರೂ ನಮ್ಮ ಜಾಲತಾಣಕ್ಕೆ ಕನ್ನ ಹಾಕಿದ್ದರೆ ಅದರ ಸುಳಿವು ಆ ಅಳಿಸಿದ ಕಡತದಲ್ಲೂ ಇರಬಹುದಿತ್ತು ಎಂಬುದರಲ್ಲಿ ಮಾತ್ರ ಚರ್ಚೆಯಿಲ್ಲ.

ಆಮೇಲೆ ವೆಬ್ ಸರ್ವರನ್ನು ಮರುಚಾಲನೆ ಮಾಡಿದೆ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಜಾಲತಾಣ ಎದ್ದಿತು. ದೊಡ್ಡ ಪ್ಲ್ಯಾನ್ ಬೇಕಾಗಲಿಲ್ಲ.

ಲಾಗ್ ಹಾಗೆ ಉಬ್ಬಿದ್ದೇಕೆ ಎಂಬುದನ್ನು ಮರುದಿನ ಆ ಹುಡುಗನಿಂದಲೇ ಹುಡುಕಿಸಿದೆ. ಹಳ್ಳಿಯ ಮನೆಯಲ್ಲಿ ರಾಗಿಯನ್ನು ಮೊರದಲ್ಲಿ ಕೇರಿ, ಜರಡಿ ಹಿಡಿದು, ಕಲ್ಲು ಆರಿಸಿ, ಸೇರಿನಲ್ಲಿ ಅಳೆಯುವುದನ್ನು ಕಂಡವನಿಗೆ ಯುನಿಕ್ಸ್‌ನ ‘ಪೈಪ್’ (ಒಂದು ಆದೇಶದ ಫಲಿತವನ್ನು ಇನ್ನೊಂದಕ್ಕೆ ಹರಿಸುವ ಏರ್ಪಾಡು) ವಿವರಿಸಲು ಎರಡು ನಿಮಿಷ ಸಾಕು. ಒಬ್ಬರ ಕೈಯಿಂದ ಇಳಿದದ್ದು ಇನ್ನೊಬ್ಬರ ಕೈಗೆ ಹೋಗುತ್ತದೆ, ಪ್ರತಿಯೊಬ್ಬರಿಗೂ ಒಂದೇ ಕೆಲಸ. ಡಗ್ ಮೆಕ್‌ಇಲ್ರಾಯ್ ಅವರ ಈ ಕಲ್ಪನೆಯನ್ನು ಕೆನ್ ಥಾಂಪ್ಸನ್ 1973ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್‌ಗೆ ಸೇರಿಸಿದರು. ನಾವು ಅಂದು ಬಳಸಿದ್ದೂ ಅದನ್ನೇ. ಪ್ರತಿ ಸಾಲಿನ ಮೊದಲಲ್ಲಿರುವ ದಿನಾಂಕ ಮತ್ತು ವೇಳೆಯನ್ನು ‘ಕಟ್’ನಿಂದ ಕತ್ತರಿಸಿ, ‘ಸಾರ್ಟ್’ನಿಂದ ಒಂದೇ ಬಗೆಯವನ್ನು ಒತ್ತಟ್ಟಿಗೆ ತಂದು, ‘ಯುನಿಕ್’ನಿಂದ ಎಣಿಸಿ, ಮತ್ತೊಮ್ಮೆ ‘ಸಾರ್ಟ್’ ಮಾಡಿ ಮೇಲಿನ ಹತ್ತು ಸಾಲು ನೋಡಿದೆವು. ವೇಳೆಯನ್ನು ಕತ್ತರಿಸದಿದ್ದರೆ ಪ್ರತಿ ಸಾಲೂ ಬೇರೆಯೇ ಆಗಿ ಎಣಿಕೆ ಕೆಡುತ್ತದೆ ಎಂಬುದನ್ನು ಅವನು ಒಮ್ಮೆ ತಪ್ಪು ಮಾಡಿ ತಾನೇ ಕಂಡುಕೊಂಡ. ಎರಡು ವಾರ ಹಿಂದೆ ಅಪ್‌ಡೇಟ್ ಮಾಡಿದ್ದ ಪ್ಲಗಿನ್ (ಜಾಲತಾಣಕ್ಕೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ಒಂದು, ಯಾರಾದರೂ ಪುಟ ತೆರೆದಾಗಲೆಲ್ಲ ನೂರಾರು ಸಲ ಒಂದೇ ಎಚ್ಚರಿಕೆಯನ್ನು ಬರೆಯುತ್ತಿತ್ತು. ಜಾಲತಾಣ ಕಟ್ಟಿಕೊಟ್ಟವರು ಲಾಗನ್ನು ವಾಡಿಕೆಯ ಜಾಗದಲ್ಲಿಡದೆ ಜಾಲತಾಣದ ಕೋಶದೊಳಗೇ ಇಟ್ಟಿದ್ದರಿಂದ, ಹಳೆಯ ಲಾಗ್‌ಗಳನ್ನು ಕಾಲಕಾಲಕ್ಕೆ ಸುತ್ತಿಡುವ ‘ಲಾಗ್‌ರೊಟೇಟ್’ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ನಾಲ್ಕು ಸಾಲಿನ ಒಂದು ಕಡತ ಬರೆದು ಅದನ್ನು ಸರಿಪಡಿಸಿದೆವು.

ಇದೆಲ್ಲ ಇಂಗ್ಲಿಷ್ ಬಲ್ಲವರ ವಿದ್ಯೆ ಎಂಬ ಅಳುಕು ನಮ್ಮ ಹುಡುಗರಲ್ಲಿದೆ. ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಅದನ್ನು ಕುರಿತು. ಕಡತದಲ್ಲಿ ಪದ ಹುಡುಕುವ ‘ಗ್ರೆಪ್’ ಎಂಬುದು ಯಾವ ಇಂಗ್ಲಿಷ್ ನಿಘಂಟಿನಿಂದ ಬಂದ ಪದವೂ ಅಲ್ಲ. ‘ಎಡ್’ ಎಂಬ ಹಳೆಯ ಎಡಿಟರ್‌ನಲ್ಲಿ ಬೇಕಾದ ಸಾಲುಗಳನ್ನು ಹುಡುಕಿ ತೋರಿಸಲು ಒತ್ತುತ್ತಿದ್ದ ಅಕ್ಷರಗಳ ಜೋಡಣೆ ಅದು. ಸಾಲುಗಳಿಂದ ಬೇಕಾದ ಭಾಗ ಆಯುವ ‘ಆಕ್’ ಎಂಬುದು ಅದನ್ನು ರಚಿಸಿದ ಆಹೋ, ವೈನ್‌ಬರ್ಗರ್, ಕರ್ನಿಹ್ಯಾನ್ ಎಂಬ ಮೂವರ ಅಡ್ಡಹೆಸರುಗಳ ಮೊದಲಕ್ಷರ. ‘ಡಿಎಫ್’, ‘ಎಲ್‌ಎಸ್’, ‘ಸಿಎಚ್‌ಮೋಡ್’ ಇವು ಲಂಡನ್ನಿನ ಹುಡುಗನಿಗೂ ಮಂಡ್ಯದ ಹುಡುಗನಿಗೂ ಒಂದೇ ಸಮನೆ ಅಪರಿಚಿತ. ಬೆರಳಿಗೆ ಬೇಕಾದದ್ದು ಎರಡು ಮೂರು ಅಕ್ಷರ, ತಲೆಗೆ ಬೇಕಾದದ್ದು ಕಡತ, ಹಕ್ಕು, ಪ್ರಕ್ರಿಯೆ ಎಂಬ ಕೆಲವು ಕಲ್ಪನೆಗಳು. ಆ ಕಲ್ಪನೆಗಳನ್ನು ವಿವರಿಸಲು ಕನ್ನಡಕ್ಕೆ ಯಾವ ಬಡತನವೂ ಇಲ್ಲ.

ಕನ್ನಡದ ಜಾಲತಾಣಗಳಿಗೆ ಕನ್ನಡ ಬಲ್ಲ ನಿರ್ವಾಹಕರೇ ಬೇಕೆನ್ನಲು ಇನ್ನೊಂದು ಕಾರಣವೂ ಇದೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ (ಮೂಲಾಕ್ಷರ ಅಥವಾ ಚಿಹ್ನೆ) ಮೂರು ಬೈಟ್ ಬೇಕು. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ಯಲ್ಲಿ ಸ, ತ, ರ, ಎರಡು ಹಲಂತ ಚಿಹ್ನೆ, ಒಂದು ದೀರ್ಘ ಸೇರಿ ಆರು ಸಂಕೇತಗಳಿವೆ. ಆದೇಶ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಅದನ್ನು ‘ಎಕೋ’ ಮಾಡಿ ‘ಡಬ್ಲ್ಯುಸಿ’ಯಿಂದ ಬೈಟ್ ಎಣಿಸಿದರೆ 19 ಎಂದು ಬರುತ್ತದೆ, ಅಕ್ಷರದ 18, ಸಾಲಿನ ಕೊನೆಯ ಗುರುತಿನದು ಒಂದು. ಲಿನಕ್ಸ್ ಸರ್ವರ್‌ಗಳಲ್ಲಿ ಸಾಮಾನ್ಯವಾದ ಇಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್. ಎಂದರೆ ಕನ್ನಡದಲ್ಲಿ 85 ಸಂಕೇತ, ಒತ್ತಕ್ಷರ ಹೆಚ್ಚಿದ್ದರೆ ಮೂವತ್ತು ನಲವತ್ತು ಅಕ್ಷರವಷ್ಟೆ. ವಿಂಡೋಸ್‌ನಲ್ಲಿ ಲೆಕ್ಕ ಬೈಟ್‌ಗಳದಲ್ಲವಾದ್ದರಿಂದ, ಅಲ್ಲಿ ‘ಲೇಖನದ ಹೆಸರು, ಲೇಖಕರು, ಸಂಪುಟ, ಸಂಚಿಕೆ’ ಎಂದು ಉದ್ದುದ್ದ ಹೆಸರಿಟ್ಟು ಸ್ಕ್ಯಾನ್ ಮಾಡಿದ್ದ ನಮ್ಮ ಹಳೆಯ ಸಂಚಿಕೆಗಳಲ್ಲಿ ಹಲವು ಸರ್ವರ್‌ಗೆ ಏರದೆ ಹೊರಗೇ ಉಳಿದಿದ್ದವು. ಕಡತಗಳನ್ನು ಸರ್ವರ್‌ಗೆ ನಕಲಿಸುವ ‘ಆರ್‌ಸಿಂಕ್’ ಆ ಒಂದೊಂದು ಕಡತಕ್ಕೂ ಹೆಸರು ಉದ್ದವಾಯಿತೆಂದು ದೂರಿತ್ತು, ಆದರೆ ಆ ಸಾಲುಗಳನ್ನು ಓದಿದವರಿರಲಿಲ್ಲ. ಹಾಗೆಯೇ, ಓದುಗರು ಕನ್ನಡದಲ್ಲಿ ಹುಡುಕಿದ ಪದ ವೆಬ್ ಸರ್ವರ್‌ನ ಲಾಗ್‌ನಲ್ಲಿ ಕನ್ನಡವಾಗಿ ಉಳಿಯುವುದಿಲ್ಲ. ಪ್ರತಿ ಬೈಟ್ ಶೇಕಡಾ ಚಿಹ್ನೆಯೂ ಎರಡು ಅಂಕೆ-ಅಕ್ಷರಗಳೂ ಆಗಿ ಒಡೆದಿರುತ್ತದೆ. ಅಲ್ಲಿ ‘ಕುವೆಂಪು’ ಎಂದು ‘ಗ್ರೆಪ್’ ಮಾಡಿ, ಏನೂ ಸಿಗದೆ, ಕುವೆಂಪು ಅವರನ್ನು ಯಾರೂ ಹುಡುಕಿಲ್ಲ ಎಂದು ತೀರ್ಮಾನಿಸಿದ ಪದಾಧಿಕಾರಿಯೊಬ್ಬರನ್ನು ನಾನು ಬಲ್ಲೆ.

ಕಂಟ್ರೋಲ್ ಪ್ಯಾನೆಲ್ ಇರುವಾಗ ಈ ಕಷ್ಟ ಯಾಕೆ ಎನ್ನುವವರಿದ್ದಾರೆ. ಇಮೇಲ್ ಖಾತೆ ತೆರೆಯಲು, ಡೊಮೈನ್ ಸೇರಿಸಲು ನಾನೂ ಪ್ಯಾನೆಲನ್ನೇ ಬಳಸುತ್ತೇನೆ. ಡಿಸ್ಕ್ ತುಂಬಿದಾಗ ಪ್ಯಾನೆಲ್‌ಗೇ ಲಾಗಿನ್ ಆಗದ ಸಂದರ್ಭಗಳೂ ಇವೆ, ಏಕೆಂದರೆ ಲಾಗಿನ್‌ನ ಗುರುತನ್ನು ಬರೆದುಕೊಳ್ಳಲು ಅದಕ್ಕೂ ಜಾಗ ಬೇಕು. ಖರ್ಚಿನ ಮಾತೂ ಇದೆ: ಹೆಸರಾಂತ ಸಿಪ್ಯಾನೆಲ್ 2019ರಲ್ಲಿ ಖಾತೆಗಳ ಸಂಖ್ಯೆಗೆ ತಕ್ಕಂತೆ ಶುಲ್ಕ ವಿಧಿಸುವ ಪದ್ಧತಿಗೆ ಬದಲಾಯಿತು. ಈಗಿನ ಹುಡುಗರು ಚಾಟ್‌ಬಾಟ್ ಕೇಳಿ, ಅದು ಕೊಟ್ಟ ಆದೇಶವನ್ನು ಹಾಗೆಯೇ ಅಂಟಿಸುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ‘ಪರ್ಮಿಷನ್ ಡಿನೈಡ್’ ಎಂದು ಬಂದ ಕೂಡಲೇ ಇಡೀ ಕೋಶಕ್ಕೆ 777 ಕೊಟ್ಟುಬಿಟ್ಟರೆ ಓದಲು 4, ಬರೆಯಲು 2, ನಡೆಸಲು 1 ಸೇರಿದ 7, ಮಾಲೀಕನಿಗೆ, ಗುಂಪಿಗೆ ಮತ್ತು ಆ ಯಂತ್ರದಲ್ಲಿರುವ ಎಲ್ಲರಿಗೂ ಸಿಕ್ಕಂತಾಯಿತು ಎಂಬುದು ಅಂಟಿಸುವ ಮುನ್ನ ಗೊತ್ತಿರಬೇಕು. ಟರ್ಮಿನಲ್‌ನಲ್ಲಿ ಅಳಿಸಿದ್ದಕ್ಕೆ ಕಸದ ಬುಟ್ಟಿಯೂ ಇಲ್ಲ.

ಸಂಘ ಸಂಸ್ಥೆಗಳಿಗೂ ಒಂದು ಮಾತು ಹೇಳಬೇಕು. ನಮ್ಮ ಸರ್ವರ್‌ನ ಮೂಲ (ರೂಟ್, ಎಂದರೆ ಪೂರ್ಣ ಅಧಿಕಾರದ) ಪಾಸ್‌ವರ್ಡ್ ಆ ರಾತ್ರಿ ನನಗೆ ಸಿಕ್ಕಿದ್ದು ಪದಾಧಿಕಾರಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಯುಗಾದಿ ಶುಭಾಶಯದ ಚಿತ್ರವೊಂದರ ಕೆಳಗೆ! ಎಸ್‌ಎಸ್‌ಎಚ್ ಹುಟ್ಟಿದ್ದೇ 1995ರಲ್ಲಿ, ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳನ್ನು ಕದ್ದಾಲಿಸಿದ ಮೇಲೆ, ಅಲ್ಲಿನ ತಾತು ಯುಲೋನೆನ್ ಅವರ ಕೈಯಲ್ಲಿ. ಅದನ್ನು ಬಳಸುತ್ತ ಪಾಸ್‌ವರ್ಡನ್ನು ಹೀಗೆ ಬೀದಿಗಿಡುವುದು ಸಲ್ಲದು. ಈಗ ನಮ್ಮಲ್ಲಿ ಮೂವರಿಗೆ ಪಾಸ್‌ವರ್ಡಿನ ಬದಲು ಬಳಸುವ ಮೂರು ಪ್ರತ್ಯೇಕ ಕೀ ಕಡತಗಳಿವೆ, ಪಾಸ್‌ವರ್ಡ್ ಮೂಲಕ ಪ್ರವೇಶ ಮುಚ್ಚಿದೆ. ಒಬ್ಬರು ಜವಾಬ್ದಾರಿ ಬಿಟ್ಟರೆ ಅವರ ಕೀ ಇರುವ ಒಂದು ಸಾಲನ್ನು ತೆಗೆದರಾಯಿತು. ಈ ಬದಲಾವಣೆ ಮಾಡುವವರು ಹಳೆಯ ಕಿಟಕಿಯನ್ನು ಮುಚ್ಚುವ ಮೊದಲು ಹೊಸ ಕಿಟಕಿಯಲ್ಲಿ ಒಳಹೋಗಿ ನೋಡಬೇಕು. ಇಲ್ಲವಾದರೆ ಒಳಗಿನಿಂದ ಚಿಲಕ ಹಾಕಿ ಹೊರಗೆ ನಿಂತಂತಾಗುತ್ತದೆ.

ನಗರದ ಪಾಲಿಟೆಕ್ನಿಕ್ ಮತ್ತು ಬಿಸಿಎ ಕಾಲೇಜುಗಳನ್ನು ನಾನು ಕೇಳಿಕೊಳ್ಳುವುದು ಇಷ್ಟು. ನನ್ನ ಬಳಿ ಬರುವ ವಿದ್ಯಾರ್ಥಿಗಳ ಲ್ಯಾಬ್ ರೆಕಾರ್ಡ್‌ನಲ್ಲಿ ಶೆಲ್ ಪ್ರೋಗ್ರಾಂಗಳಿರುತ್ತವೆ, ಸಂಖ್ಯೆ ಸರಿಯೋ ಬೆಸವೋ ಹೇಳುವಂಥವು. ಕೆಟ್ಟು ನಿಂತ ಸರ್ವರ್ ಒಂದನ್ನು ಅವರು ಕಂಡೇ ಇರುವುದಿಲ್ಲ. ಹಳೆಯ ಕಂಪ್ಯೂಟರಿನ ಮೇಲೆ ಡೆಬಿಯನ್ ಎಂಬ ಲಿನಕ್ಸ್ ಹಾಕಿದ ವರ್ಚುವಲ್ ಯಂತ್ರಗಳು (ತಂತ್ರಾಂಶದಲ್ಲೇ ರೂಪಿಸಿದ ಕಂಪ್ಯೂಟರುಗಳು) ಸಾಕು, ತಂತ್ರಾಂಶಕ್ಕೆ ಕಾಸು ಬೇಕಿಲ್ಲ. ಅವುಗಳಲ್ಲಿ ಒಂದರ ಡಿಸ್ಕ್ ತುಂಬಿಸಿ, ಇನ್ನೊಂದರ ಹಕ್ಕುಗಳನ್ನು ಕೆಡಿಸಿ, ಮತ್ತೊಂದರಲ್ಲಿ ಅವಧಿ ಮೀರಿದ ಭದ್ರತಾ ಪ್ರಮಾಣಪತ್ರ ಇಟ್ಟು, ಒಂದೂವರೆ ಗಂಟೆಯಲ್ಲಿ ಸರಿಪಡಿಸಿ, ಏನು ಮಾಡಿದಿರೆಂದು ಕನ್ನಡದಲ್ಲಿ ಒಂದು ಪುಟ ಬರೆಯಿರಿ ಎಂದು ಪರೀಕ್ಷೆ ಕೊಡಲಿ.

ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟ ಹೊಸ ಫೋನುಗಳ ಪರಿಚಯಕ್ಕೆ ಕೊಡುವ ಜಾಗದಲ್ಲಿ ವಾರಕ್ಕೆ ಅರ್ಧ ಕಾಲಂ ಈ ವಿಷಯಕ್ಕೆ ಬಿಟ್ಟುಕೊಟ್ಟರೆ, ಬರೆದುಕೊಡಲು ನಾನೂ ನನ್ನಂಥ ಇನ್ನೂ ಕೆಲವರೂ ಸಿದ್ಧರಿದ್ದೇವೆ. ಓದುಗರ ಐಪಿ ವಿಳಾಸಗಳನ್ನು ತೆಗೆದುಹಾಕಿದ 400 ಎಂಬಿಯ ಆ ಲಾಗ್ ಅಭ್ಯಾಸಕ್ಕೆಂದು ಈಗಲೂ ನನ್ನ ಬಳಿ ಇದೆ.

ಇಂತಿ,
ಒಬ್ಬ ಸಿಸ್ಟಂ ಅಡ್ಮಿನಿಸ್ಟ್ರೇಟರ್
ಬಸವನಗುಡಿ, ಬೆಂಗಳೂರು