ಪೇಜು ನಿಮ್ಮದೇ, ಕೀಲಿಕೈ ಯಾರ ಹತ್ತಿರ?

ಮಾನ್ಯ ಸಂಪಾದಕರೇ,

ದಸರಾ ಹತ್ತಿರವಾದಂತೆ ಮೈಸೂರು, ಮಂಡ್ಯ ಕಡೆಯ ಸಣ್ಣ ಮಾರಾಟಗಾರರ ಮೊಬೈಲಿಗೆ ಪುರುಸೊತ್ತೇ ಇರುವುದಿಲ್ಲ. ಗೊಂಬೆ ಕೂರಿಸುವವರು ಹೊಸ ಸೆಟ್ಟಿಗಾಗಿ ಇನ್‌ಸ್ಟಾಗ್ರಾಂ ಜಾಲಾಡುತ್ತಾರೆ. ಮೇಲುಕೋಟೆ ಪುಳಿಯೋಗರೆ ಗೊಜ್ಜು, ಮಂಡ್ಯದ ಬೆಲ್ಲದ ಪುಡಿ, ಮನೆಯಲ್ಲೇ ಒತ್ತಿದ ಹಪ್ಪಳ, ಸೀರೆ, ಅಗರಬತ್ತಿ ಎಲ್ಲಕ್ಕೂ ವಾಟ್ಸ್‌ಆ್ಯಪ್‌ನಲ್ಲೇ ಆರ್ಡರ್. ಇವರಲ್ಲಿ ಬಹಳ ಜನರಿಗೆ ಬೀದಿಯಲ್ಲಿ ಮಳಿಗೆಯಿಲ್ಲ, ಬೋರ್ಡಿಲ್ಲ. ಇರುವುದು ಒಂದು ಪೇಜು, ಒಂದು ನಂಬರು. ಅದು ಹೋದರೆ ಶೆಟರ್ ಎಳೆದ ಹಾಗೆ. ಒಳಗಿದ್ದ ಗಿರಾಕಿಗಳ ವಿಳಾಸವೂ ಒಳಗೇ ಉಳಿದುಬಿಡುತ್ತದೆ.

ರೀಲ್ಸ್ ಮಾಡುವುದು, ಹ್ಯಾಷ್‌ಟ್ಯಾಗ್ ಹಾಕುವುದು, ಸಾಮಾನಿನ ಫೋಟೊಗೆ ಬೆಳಕು ಹಿಡಿಯುವುದನ್ನು ಹೇಳಿಕೊಡುವ ಶಿಬಿರಗಳಿಗೆ ನಮ್ಮಲ್ಲಿ ಬರವಿಲ್ಲ. ಖಾತೆ ಕೈತಪ್ಪದ ಹಾಗೆ ನೋಡಿಕೊಳ್ಳುವುದು ಹೇಗೆ ಎನ್ನುವ ಪಾಠಕ್ಕೆ ಮಾತ್ರ ಅಲ್ಲಿ ವೇಳೆ ಸಿಗುವುದಿಲ್ಲ. ಅದಕ್ಕಾಗಿ ಈ ಪತ್ರ.

ಖಾತೆ ಹೋಯಿತೆಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ‘ಹ್ಯಾಕ್’. ಎಷ್ಟೋ ಸಲ ಅಲ್ಲಿ ಹ್ಯಾಕರ್ ಇರುವುದೇ ಇಲ್ಲ. ಖಾತೆ ಮೊದಲಿನಿಂದಲೂ ಮಾಲೀಕರ ಕೈಯಲ್ಲಿ ಇರಲಿಲ್ಲ, ಅಷ್ಟೇ. ಪೇಜು ಮಾಡಿಕೊಟ್ಟದ್ದು ಅಕ್ಕನ ಮಗ, ಹಾಕಿದ್ದು ಅವನ ಆಗಿನ ನಂಬರು. ಜಿಮೇಲ್ ಮಾಡಿಕೊಟ್ಟದ್ದು ಫೋನ್ ಕೊಂಡ ದಿನ ಮೊಬೈಲ್ ಅಂಗಡಿಯ ಹುಡುಗ, ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತು. ಹಳೇ ಫೋನ್ ಕೆಟ್ಟು ಹೊಸದರಲ್ಲಿ ಲಾಗಿನ್ ಆಗಲು ಹೊರಟಾಗ ಓಟಿಪಿ ಯಾರಿಗೋ ಹೋಗುತ್ತದೆ. ಮೂರು ತಿಂಗಳು ಕರೆ, ಎಸ್ಎಂಎಸ್, ಡೇಟಾ ಯಾವುದಕ್ಕೂ ಬಳಸದ ಪ್ರೀಪೇಯ್ಡ್ ಸಿಮ್ಮನ್ನು ಕಂಪನಿ ನಿಲ್ಲಿಸಬಹುದು. ಹಾಗೆ ನಿಂತ ನಂಬರನ್ನು ಕನಿಷ್ಠ 90 ದಿನ ಸುಮ್ಮನಿಟ್ಟು ಆಮೇಲೆ ಇನ್ನೊಬ್ಬರಿಗೆ ಕೊಡುತ್ತಾರೆ. ಆ ಇನ್ನೊಬ್ಬರು ಕಳ್ಳರಲ್ಲ, ಆದರೂ ನಿಮ್ಮ ಬೀಗದ ಕೈ ಈಗ ಅವರ ಜೇಬಿನಲ್ಲಿದೆ.

ಫೇಸ್‌ಬುಕ್ ಪೇಜಿಗೆ ತನ್ನದೇ ಆದ ಪಾಸ್‌ವರ್ಡ್ ಇಲ್ಲ ಎನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಪೇಜು ಯಾರೋ ಒಬ್ಬರ ವೈಯಕ್ತಿಕ ಪ್ರೊಫೈಲಿಗೆ ಜೋತುಬಿದ್ದಿರುತ್ತದೆ. ಆ ಪ್ರೊಫೈಲ್ ಹೋದರೆ ಪೇಜಿಗೆ ದಿಕ್ಕಿಲ್ಲ. ಹಾಗಾಗಿ ಪೂರ್ಣ ನಿಯಂತ್ರಣ ಮನೆಯಲ್ಲಿ ಇಬ್ಬರಿಗೆ ಇರಬೇಕು. ಒಬ್ಬರಿಗೆ ಸಾಲದು, ನಾಲ್ವರಿಗೆ ಬೇಡ, ಏಕೆಂದರೆ ಪೂರ್ಣ ನಿಯಂತ್ರಣ ಇರುವ ಯಾರೇ ಆದರೂ ಉಳಿದವರನ್ನು ಹೊರಗೆ ಹಾಕಬಹುದು. ಜಾಹೀರಾತು ನೋಡಿಕೊಳ್ಳುವ ಏಜೆನ್ಸಿಗೆ ಪಾಸ್‌ವರ್ಡ್ ಕೊಡುವ ಅಗತ್ಯವೇ ಇಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರರ ಒಡೆತನದ ಕಂಪನಿ ಮೆಟಾ. ಅದರ ಬಿಸಿನೆಸ್ ಸೂಟ್‌ನಲ್ಲಿ ಅವರನ್ನು ಪಾಲುದಾರರಾಗಿ ಸೇರಿಸಿ, ಪೋಸ್ಟ್ ಹಾಕುವ ಮತ್ತು ಜಾಹೀರಾತು ನಡೆಸುವ ಅನುಮತಿಯಷ್ಟನ್ನೇ ಕೊಡಬಹುದು. ಕೆಲಸ ಬಿಟ್ಟ ದಿನವೇ ಅದನ್ನು ತೆಗೆಯಬಹುದು. ಇದಕ್ಕೆ ಒಪ್ಪದೆ ‘ಪೇಜ್ ನಮ್ಮ ಖಾತೆಯಲ್ಲೇ ಇರಲಿ ಮೇಡಂ, ನಿಮಗೆ ತಲೆನೋವು ಬೇಡ’ ಎನ್ನುವ ಏಜೆನ್ಸಿಯ ಸಹವಾಸವೇ ಬೇಡ.

ಇನ್ನೊಂದು ತಪ್ಪು ನಗು ತರಿಸುವಂಥದ್ದು, ಬೆಲೆ ಮಾತ್ರ ದುಬಾರಿ. ಪೇಜಿನ ಬದಲು ಅಂಗಡಿಯ ಹೆಸರಿನಲ್ಲಿ ವೈಯಕ್ತಿಕ ಪ್ರೊಫೈಲ್ ತೆರೆಯುವುದು, ಹುಟ್ಟಿದ ದಿನಾಂಕ ಕೇಳಿದಲ್ಲಿ ಅಂಗಡಿ ಶುರುವಾದ ದಿನಾಂಕ ಹಾಕುವುದು. 2019ರಲ್ಲಿ ಅಂಗಡಿ ತೆರೆದವರು ಕಂಪ್ಯೂಟರಿನ ಲೆಕ್ಕದಲ್ಲಿ ಇನ್ನೂ ಮಕ್ಕಳು. 13 ವರ್ಷ ತುಂಬದವರಿಗೆ ಫೇಸ್‌ಬುಕ್ಕೂ ಇಲ್ಲ, ಇನ್‌ಸ್ಟಾಗ್ರಾಂ ಕೂಡ ಇಲ್ಲ, ಖಾತೆ ಬಂದ್. ಹುಟ್ಟಿದ ದಿನಾಂಕವೂ ಹೆಸರೂ ಮಾಲೀಕರ ಆಧಾರ್ ಅಥವಾ ಡ್ರೈವಿಂಗ್ ಲೈಸೆನ್ಸಿನಲ್ಲಿ ಇರುವಂತೆಯೇ ಇರಲಿ. ಮುಂದೆ ಗುರುತು ಸಾಬೀತುಪಡಿಸಿ ಎಂದಾಗ ತೋರಿಸುವುದು ಅದನ್ನೇ. ಅಂಗಡಿಯ ಹೆಸರು ಪೇಜಿಗೆ.

ಕಂಪನಿಯೇ ಬಾಗಿಲು ಹಾಕುವುದು ಬೇರೆ ಕಾರಣಗಳಿಗೂ ಉಂಟು. ಬನ್ನೂರು ಕುರಿ, ಹಳ್ಳಿಕಾರ್ ಹೋರಿಗಳ ಫೋಟೊ ಹಾಕಿ ಬೆಲೆ ಬರೆಯುವುದು ನಮ್ಮ ಭಾಗದಲ್ಲಿ ಮಾಮೂಲು. ಆದರೆ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಜೀವಂತ ಪ್ರಾಣಿಗಳನ್ನು ಮಾರುವಂತಿಲ್ಲ, ವಾಟ್ಸ್‌ಆ್ಯಪ್ ಬಿಸಿನೆಸ್ ನಿಯಮವೂ ಅದನ್ನೇ ಹೇಳುತ್ತದೆ. ಸಂತೆಯಲ್ಲಿ ಸರಿಯಾದದ್ದು ಅಲ್ಲಿ ತಪ್ಪು. ಸಿನಿಮಾ ಹಾಡು ಹಾಕಿದ ಪ್ರಚಾರದ ರೀಲ್ಸ್ ಇನ್ನೊಂದು ಗಂಡಾಂತರ. ಬಿಸಿನೆಸ್ ಖಾತೆಗೆ ಕೆಲವೇ ಹಾಡುಗಳು ಕಾಣಿಸುವುದು ಆಪ್‌ನ ದೋಷವಲ್ಲ. ವ್ಯಾಪಾರಕ್ಕೆ ಬಳಸಲು ಹಕ್ಕಿರುವ ಸಂಗೀತ ಅಷ್ಟೇ ಇದೆ. ಹಾಡನ್ನು ಹೊರಗಿನಿಂದ ತಂದು ವಿಡಿಯೊಗೆ ಅಂಟಿಸಿ ಹಾಕಿದರೆ ಹಕ್ಕುಸ್ವಾಮ್ಯದ ದೂರು ಬರುತ್ತದೆ, ದೂರುಗಳು ಮತ್ತೆ ಮತ್ತೆ ಬಂದರೆ ಖಾತೆಯೇ ಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಜಿಬಿ ಮುಂತಾದ ನಕಲಿ ಆಪ್ ಬಳಸಿದರೂ, ಗೊತ್ತಿಲ್ಲದ ನೂರಾರು ನಂಬರಿಗೆ ಒಮ್ಮೆಲೇ ಸಂದೇಶ ಸುರಿದರೂ ನಿಷೇಧ ಖಚಿತ ಎಂದೇ ತಿಳಿಯಬೇಕು. ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ ಇದೆ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪುವುದು. ಹಾಗಾಗಿ ಪಾರ್ಸಲ್ ಒಳಗಿನ ಚೀಟಿಯಲ್ಲಿ ‘ನಮ್ಮ ನಂಬರ್ ಸೇವ್ ಮಾಡಿಕೊಳ್ಳಿ’ ಎಂದು ಬರೆದರೆ ಆಗುವ ಲಾಭ ಯಾವ ಬಲ್ಕ್ ಸಾಫ್ಟ್‌ವೇರಿನಿಂದಲೂ ಆಗದು.

ಇನ್ನು ನಿಜವಾದ ಕಳ್ಳರು. ‘ನಿಮ್ಮ ಪೇಜ್ ಹಕ್ಕುಸ್ವಾಮ್ಯ ಉಲ್ಲಂಘಿಸಿದೆ, 24 ಗಂಟೆಯೊಳಗೆ ಈ ಲಿಂಕ್ ಒತ್ತಿ ಮನವಿ ಸಲ್ಲಿಸದಿದ್ದರೆ ಅಳಿಸಲಾಗುವುದು’ ಎಂಬ ಸಂದೇಶ ಮೆಸೆಂಜರಿಗೆ ಬರುತ್ತದೆ. ಕಳಿಸಿದವರ ಹೆಸರಿನಲ್ಲಿ ‘ಸಪೋರ್ಟ್’ ಎಂದಿರುತ್ತದೆ, ನೀಲಿ ಲೋಗೊ ಇರುತ್ತದೆ. ಲಿಂಕ್ ಒತ್ತಿದರೆ ತೆರೆಯುವ ಪುಟ ಫೇಸ್‌ಬುಕ್ಕಿನದೇ ಪಡಿಯಚ್ಚು. ಅಲ್ಲಿ ಪಾಸ್‌ವರ್ಡ್ ಹಾಕಿ, ಬಂದ ಓಟಿಪಿಯನ್ನೂ ಹಾಕಿದರೆ ಕಥೆ ಮುಗಿಯಿತು. ಮೆಟಾ ಇಂಥ ವಿಷಯ ತಿಳಿಸುವುದು ಆಪ್‌ನ ಒಳಗಿನ ಸಪೋರ್ಟ್ ಇನ್‌ಬಾಕ್ಸ್ ಅಥವಾ ಅಕೌಂಟ್ ಸ್ಟೇಟಸ್‌ನಲ್ಲಿ. ಅಲ್ಲಿ ಏನೂ ಇಲ್ಲದಿದ್ದರೆ ಸಂದೇಶ ಸುಳ್ಳು. ಇನ್‌ಸ್ಟಾಗ್ರಾಂ ಹೆಸರಿನಲ್ಲಿ ಮೇಲ್ ಬಂದರೆ, ಸೆಟ್ಟಿಂಗ್ಸ್‌ನ ‘ಪಾಸ್‌ವರ್ಡ್ ಮತ್ತು ಭದ್ರತೆ’ ವಿಭಾಗದಲ್ಲಿ ಕಂಪನಿ ಇತ್ತೀಚೆಗೆ ನಿಜವಾಗಿ ಕಳಿಸಿದ ಮೇಲ್‌ಗಳ ಪಟ್ಟಿ ಸಿಗುತ್ತದೆ. ಹೋಲಿಸಿ ನೋಡಲು ಅರ್ಧ ನಿಮಿಷ ಸಾಕು.

ಎರಡು ಹಂತದ ದೃಢೀಕರಣ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆ) ಹಾಕಿಕೊಂಡಿದ್ದೇವೆ, ನಮಗೇನು ಭಯ ಎನ್ನುವವರಿಗೂ ಒಂದು ಮಾತು. ‘ನಮ್ಮ ಬ್ರ್ಯಾಂಡಿಗೆ ಪ್ರಚಾರ ಮಾಡುವಿರಾ, ವಿವರ ಲಗತ್ತಿಸಿದೆ’ ಎಂದು ಜಿಪ್ ಫೈಲ್ ಕಳಿಸುವವರಿದ್ದಾರೆ. ಕಂಪ್ಯೂಟರಿನಲ್ಲಿ ಬಿಚ್ಚಿದರೆ ಒಳಗೆ ಪಿಡಿಎಫ್ ವೇಷ ತೊಟ್ಟ ಪ್ರೋಗ್ರಾಂ. ಅದು ಪಾಸ್‌ವರ್ಡ್ ಕೇಳುವುದೇ ಇಲ್ಲ. ಆಗಲೇ ಲಾಗಿನ್ ಆಗಿರುವ ಬ್ರೌಸರಿನ ಕುಕೀ, ಎಂದರೆ ನೀವು ಲಾಗಿನ್ ಆಗಿದ್ದೀರಿ ಎಂದು ಗುರುತಿಟ್ಟುಕೊಂಡ ಚಿಕ್ಕ ಫೈಲು, ಕದ್ದೊಯ್ಯುತ್ತದೆ. ಕಳ್ಳನಿಗೆ ನೀವು ಬಾಗಿಲು ದಾಟಿ ಒಳಗೆ ಕೂತ ಸ್ಥಿತಿಯೇ ಸಿಗುವುದರಿಂದ ಓಟಿಪಿಯ ಪ್ರಶ್ನೆ ಏಳುವುದಿಲ್ಲ. ಅಪರಿಚಿತರ ಜಿಪ್ ಬಿಚ್ಚಬೇಡಿ. ಬಿಚ್ಚಿದ್ದರೆ ಬೇರೆ ಫೋನಿನಿಂದ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗೌಟ್ ಆಗಿ.

ಹಾಗೆಂದು ಎರಡು ಹಂತದ ದೃಢೀಕರಣ ಬೇಡವೆಂದಲ್ಲ, ಅದಿಲ್ಲದೆ ಒಂದು ದಿನವೂ ಇರಬಾರದು. ಎಸ್ಎಂಎಸ್‌ಗಿಂತ ಫೋನಿನಲ್ಲೇ ಕೋಡ್ ತೋರಿಸುವ ಆಥೆಂಟಿಕೇಟರ್ ಆಪ್ ಮೇಲು, ಸಿಮ್ ಹೋದರೂ ಅದು ಉಳಿಯುತ್ತದೆ. ಆದರೆ ಫೋನೇ ಕಳೆದರೆ ಆಪ್ ಕೂಡ ಹೋಗಬಹುದು. ಅಂಥ ದಿನಕ್ಕೆಂದೇ ಫೇಸ್‌ಬುಕ್ 10 ರಿಕವರಿ ಕೋಡ್ ಕೊಡುತ್ತದೆ, ಒಂದೊಂದೂ ಒಂದೇ ಸಲಕ್ಕೆ. ಇನ್‌ಸ್ಟಾಗ್ರಾಂನಲ್ಲಿ ಬ್ಯಾಕಪ್ ಕೋಡ್ ಎನ್ನುತ್ತಾರೆ. ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನಿನಲ್ಲಿ ಇಟ್ಟುಕೊಳ್ಳುವುದು ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಒತ್ತಿದಂತೆ. ಕಾಗದದಲ್ಲಿ ಬರೆದು ಮನೆಪತ್ರ, ಪಹಣಿ ಇಡುವ ಕಡತಕ್ಕೆ ಸೇರಿಸಿ. ವಾಟ್ಸ್‌ಆ್ಯಪ್‌ಗೆ ಆರಂಕಿಯ ಪಿನ್ ಇದೆ. ಅದನ್ನು ಹಾಕಿ, ಜೊತೆಗೆ ಇಮೇಲ್ ಕೂಡ ಕೊಡಿ. ಪಿನ್ ಮರೆತರೆ 7 ದಿನ ಕಾಯದೆ ಅದನ್ನು ಬದಲಿಸುವ ದಾರಿ ಅದು.

ಪಿನ್ ಹಾಕದವರ ಓಟಿಪಿ ಯಾರಾದರೂ ಮಾತಿಗೆ ಮರುಳುಮಾಡಿ ಪಡೆದು ಒಳಹೊಕ್ಕರೆ, ಕೂಡಲೇ ನಿಮ್ಮ ಫೋನಿನಲ್ಲಿ ಅದೇ ನಂಬರನ್ನು ಮತ್ತೆ ನೋಂದಾಯಿಸಿ. ಹೊಸ ಕೋಡ್ ಹಾಕಿದ ಕ್ಷಣ ಅವನು ಹೊರಗೆ. ಅಷ್ಟರಲ್ಲಿ ಅವನೇ ಪಿನ್ ಹಾಕಿಟ್ಟಿದ್ದರೆ ನೀವು 7 ದಿನ ಕಾಯಬೇಕಾಗುತ್ತದೆ, ಆದರೂ ಅವನ ಆಟ ಮಾತ್ರ ಆಗಲೇ ನಿಲ್ಲುತ್ತದೆ. ತಡಮಾಡಿದಷ್ಟು ಹೊತ್ತೂ ಅವನು ನಿಮ್ಮ ಹೆಸರಿನಲ್ಲಿ ಗಿರಾಕಿಗಳ ಹತ್ತಿರ ‘ಅರ್ಜೆಂಟಾಗಿ ಸ್ವಲ್ಪ ಗೂಗಲ್ ಪೇ ಮಾಡಿ’ ಎಂದು ಕೇಳುತ್ತಿರುತ್ತಾನೆ.

ಇನ್‌ಸ್ಟಾಗ್ರಾಂ ಅಥವಾ ಫೇಸ್‌ಬುಕ್ ಕೈತಪ್ಪಿದಾಗ ಎಲ್ಲರೂ ಮೊದಲು ಅದರ ಪಾಸ್‌ವರ್ಡಿಗೇ ಕೈ ಹಾಕುತ್ತಾರೆ. ಮೊದಲು ಭದ್ರಪಡಿಸಬೇಕಾದದ್ದು ಜಿಮೇಲ್. ಮೇಲ್ ಕಳ್ಳನ ವಶದಲ್ಲಿದ್ದರೆ ನೀವು ಎಷ್ಟು ರೀಸೆಟ್ ಲಿಂಕ್ ತರಿಸಿದರೂ ಓದುವವನು ಅವನು. ಜಿಮೇಲ್ ಪಾಸ್‌ವರ್ಡ್ ಬದಲಿಸಿ, ಅದರ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ನೋಡಿ. ಮೇಲ್‌ಗಳು ಸದ್ದಿಲ್ಲದೆ ಇನ್ನೊಂದು ವಿಳಾಸಕ್ಕೆ ಹರಿಯುವಂತೆ ತೂಬು ಕೊರೆದಿಟ್ಟಿರಬಹುದು. ಆಮೇಲೆ ಇನ್‌ಬಾಕ್ಸಿನಲ್ಲಿ ‘ನಿಮ್ಮ ಇಮೇಲ್ ಬದಲಾಗಿದೆ’ ಎಂಬ ಇನ್‌ಸ್ಟಾಗ್ರಾಂ ಮೇಲ್ ಹುಡುಕಿ. ಬದಲಿಸಿದ್ದು ನೀವಲ್ಲವಾದರೆ ಅದನ್ನು ರದ್ದು ಮಾಡುವ ಕೊಂಡಿ ಅದರಲ್ಲೇ ಇರುತ್ತದೆ. ಅದು ಸಿಗದಿದ್ದರೆ ಇನ್‌ಸ್ಟಾಗ್ರಾಂ ಡಾಟ್ ಕಾಮ್ ಸ್ಲ್ಯಾಶ್ ಹ್ಯಾಕ್ಡ್, ಫೇಸ್‌ಬುಕ್ಕಿಗೆ ಫೇಸ್‌ಬುಕ್ ಡಾಟ್ ಕಾಮ್ ಸ್ಲ್ಯಾಶ್ ಹ್ಯಾಕ್ಡ್. ಹಿಂದೆ ಲಾಗಿನ್ ಆಗಿದ್ದ ಫೋನಿನಿಂದಲೇ ಪ್ರಯತ್ನಿಸುವುದು ಒಳ್ಳೆಯದು. ಇನ್‌ಸ್ಟಾಗ್ರಾಂ ಮುಖದ ವಿಡಿಯೊ ಸೆಲ್ಫಿ ಕೇಳಬಹುದು, ಖಾತೆಯಲ್ಲಿ ನಿಮ್ಮ ಮುಖದ ಫೋಟೊ ಇದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಬರೀ ಸೀರೆ, ಬರೀ ಗೊಂಬೆಗಳ ಫೋಟೊ ಇರುವ ಪೇಜುಗಳವರು ಇದನ್ನು ಗಮನಿಸಬೇಕು.

ಜಾಹೀರಾತಿಗೆಂದು ಕಾರ್ಡ್ ಜೋಡಿಸಿದ್ದರೆ ಬ್ಯಾಂಕಿಗೆ ಫೋನ್ ಮಾಡುವುದೂ ಆ ಗಂಟೆಯ ಕೆಲಸವೇ. ಪೇಜು ಕದ್ದವರು ಬಹಳ ಸಲ ನಿಮ್ಮ ದುಡ್ಡಿನಲ್ಲೇ ತಮ್ಮ ಜಾಹೀರಾತು ಓಡಿಸುತ್ತಾರೆ. ಜಾಹೀರಾತು ಖಾತೆಯಲ್ಲಿ ಖರ್ಚಿನ ಮಿತಿ ಹಾಕಿಡುವ ಸೌಲಭ್ಯ ಇದೆ, ಬಳಸುವವರು ಕಡಿಮೆ. ದುಡ್ಡು ಹೋಗಿದ್ದರೆ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಳ್ಳಿ. ದುಡ್ಡು ಹೋಗದಿದ್ದರೂ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ಒಂದು ದೂರು ಕೊಡಿ. ನಿಮ್ಮ ಹೆಸರಿನಲ್ಲಿ ಮುಂದೆ ಯಾರಿಗಾದರೂ ಮೋಸವಾದರೆ ನೆರವಿಗೆ ಬರುವುದು ಆ ಕಾಗದ. ಬೇರೆಯವರ ಪಾಸ್‌ವರ್ಡ್, ಗುರುತು ದುರ್ಬಳಕೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, ಸೋಗು ಹಾಕಿ ವಂಚಿಸಿದ್ದಕ್ಕೆ 66ಡಿ. ಎರಡರಲ್ಲೂ 3 ವರ್ಷದವರೆಗೆ ಶಿಕ್ಷೆ ಇದೆ.

ಕಂಪನಿಯೇ ಖಾತೆ ನಿಲ್ಲಿಸಿದ್ದರೆ ದಾರಿ ಬೇರೆ. ಅಮಾನತಿನ ಸೂಚನೆ ಬಂದರೆ ಅದರಲ್ಲಿ ಮೇಲ್ಮನವಿಗೆ ಎಷ್ಟು ದಿನ ಎಂದು ತೋರಿಸುತ್ತದೆ, ಸಾಮಾನ್ಯವಾಗಿ 180. ‘ನೋಡೋಣ’ ಎಂದು ಬಿಟ್ಟವರ ಖಾತೆ ಕಾಯಂ ಆಗಿ ಹೋಗುತ್ತದೆ. ಮನವಿಗೆ ಉತ್ತರವೇ ಬಾರದಿದ್ದರೆ ಅಲ್ಲಿಗೆ ಕೈಚೆಲ್ಲಬೇಕಿಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಇಂಥ ಕಂಪನಿಗಳು ಭಾರತದಲ್ಲಿ ಕುಂದುಕೊರತೆ ಅಧಿಕಾರಿ ಇಡಲೇಬೇಕು. ದೂರು ಬಂದ 24 ಗಂಟೆಯೊಳಗೆ ಅದು ತಲುಪಿದೆ ಎಂದು ತಿಳಿಸಬೇಕು, 7 ದಿನದೊಳಗೆ ಇತ್ಯರ್ಥ ಮಾಡಬೇಕು (2026ರ ಫೆಬ್ರವರಿಯ ತಿದ್ದುಪಡಿಗೆ ಮೊದಲು ಈ ಗಡುವು 15 ದಿನ ಇತ್ತು). ಅವರ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು. ಈ ಸಮಿತಿಗಳು 2023ರಿಂದ ಕೆಲಸ ಮಾಡುತ್ತಿವೆ. ಇಷ್ಟು ಬಿಟ್ಟು, ಕಮೆಂಟುಗಳಲ್ಲಿ ಕಾದು ಕೂತ ‘ಖಾತೆ ವಾಪಸ್ ತರಿಸುವ ಎಕ್ಸ್‌ಪರ್ಟ್’ಗಳಿಗೆ ಮುಂಗಡ ಕೊಟ್ಟರೆ ಹೋದದ್ದರ ಜೊತೆ ಇದೂ ಹೋಯಿತು.

ಎಷ್ಟು ಜೋಪಾನ ಮಾಡಿದರೂ ಜಾಲತಾಣವೇ ಇಲ್ಲವಾದರೆ? 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆಪ್‌ಗಳನ್ನು ಸರ್ಕಾರ ಬಂದ್ ಮಾಡಿತು. ಬೆಂಗಳೂರಿನಲ್ಲೇ ಹುಟ್ಟಿ ಕನ್ನಡದಲ್ಲಿ ಬರೆಯಲು ಜಾಗ ಕೊಟ್ಟಿದ್ದ ‘ಕೂ’ ಆಪ್ 2024ರ ಜುಲೈನಲ್ಲಿ ಬಾಗಿಲು ಹಾಕುವುದಾಗಿ ಹೇಳಿತು. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು 6 ಗಂಟೆ ಒಟ್ಟಿಗೆ ಸ್ತಬ್ಧವಾಗಿದ್ದವು. ಹಬ್ಬದ ಹಿಂದಿನ ದಿನ ಹಾಗಾದರೆ ಕೈಯಲ್ಲಿ ಏನಿದೆ ಎಂದು ಒಮ್ಮೆ ಯೋಚಿಸಬೇಕು. ಇರಬೇಕಾದದ್ದು ಗಿರಾಕಿಗಳ ಹೆಸರು, ನಂಬರು, ಊರು, ಏನು ಕೊಂಡರು ಎಂಬ ಪಟ್ಟಿ. ಎಕ್ಸೆಲ್ ಬಾರದವರಿಗೆ ನೂರು ಪುಟದ ನೋಟ್‌ಬುಕ್ ಸಾಕು. ಬರೆದುಕೊಳ್ಳುವಾಗ ‘ಹೊಸ ಸ್ಟಾಕ್ ಬಂದಾಗ ತಿಳಿಸಲೇ’ ಎಂದು ಕೇಳಿ ಒಪ್ಪಿಗೆ ಪಡೆಯಿರಿ, ಅವರ ನಂಬರನ್ನು ಬೇರೆಯವರಿಗೆ ಕೊಡಬೇಡಿ. ತಿಂಗಳಿಗೊಮ್ಮೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್‌ನಲ್ಲಿರುವ ಅಕೌಂಟ್ಸ್ ಸೆಂಟರ್‌ನಿಂದ ನಿಮ್ಮ ಖಾತೆಯ ಮಾಹಿತಿ ಡೌನ್‌ಲೋಡ್ ಮಾಡಿ. ಎಚ್‌ಟಿಎಂಎಲ್ ಆಯ್ಕೆ ಮಾಡಿದರೆ ಸುಮ್ಮನೆ ತೆರೆದು ಓದಬಹುದು. ರೀಲ್ಸ್‌ನ ಮೂಲ ವಿಡಿಯೊಗಳನ್ನು ಪೆನ್‌ಡ್ರೈವ್‌ಗೋ ಹಾರ್ಡ್ ಡಿಸ್ಕಿಗೋ ಹಾಕಿಡಿ. ಸ್ವಂತ ವೆಬ್‌ಸೈಟ್ ಮಾಡಿಸುವವರು ಡೊಮೇನ್ (ವೆಬ್‌ಸೈಟಿನ ವಿಳಾಸ) ತಮ್ಮ ಹೆಸರಿಗೇ, ತಮ್ಮ ಇಮೇಲಿಗೇ ನೋಂದಣಿಯಾಗಿದೆಯೇ ನೋಡಿಕೊಳ್ಳಬೇಕು. ಮಾಡಿಕೊಟ್ಟವನ ಹೆಸರಿನಲ್ಲಿದ್ದರೆ ಅಕ್ಕನ ಮಗನ ಸಿಮ್ಮಿನ ಕಥೆಯೇ ಮತ್ತೆ.

ಕೊನೆಗೆ ಸಂಬಂಧಪಟ್ಟವರಲ್ಲಿ ಎರಡು ಕೋರಿಕೆ. ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಗಳಿಗೂ ಜಿಲ್ಲಾ ಕೈಗಾರಿಕಾ ಕೇಂದ್ರಗಳ ಮೂಲಕ ಹೊಸ ಉದ್ಯಮಿಗಳಿಗೂ ನಡೆಯುವ ಆನ್‌ಲೈನ್ ಮಾರಾಟದ ತರಬೇತಿಯಲ್ಲಿ ಇದಕ್ಕೆಂದು ಎರಡು ಗಂಟೆ ಮೀಸಲಿಡಿ. ಭಾಷಣ ಬೇಡ, ಬಂದವರು ಸಭಾಂಗಣ ಬಿಡುವ ಮೊದಲು ಅವರವರ ಫೋನಿನಲ್ಲಿ ಎಲ್ಲವನ್ನೂ ಮಾಡಿ ಮುಗಿಸಲಿ. ಎರಡನೆಯದು, ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನದಲ್ಲಿ ಪೊಲೀಸ್ ಇಲಾಖೆಯಾಗಲಿ, ಯಾವುದಾದರೂ ಕಾಲೇಜಾಗಲಿ ಇದಕ್ಕೊಂದು ಸಣ್ಣ ಮಳಿಗೆ ಹಾಕಲಿ. ಒಂದು ಮೇಜು, ನಾಲ್ಕು ಕುರ್ಚಿ, ಕೋಡ್ ಬರೆದುಕೊಳ್ಳಲು ಕಾಗದ, ಪೆನ್ನು ಇದ್ದರೆ ಆಯಿತು. ಪ್ರಿಂಟರ್ ಮಾತ್ರ ಬೇಡ, ಅದಕ್ಕೆ ಕಳಿಸಿದ ಕೋಡಿನ ಪ್ರತಿ ಅಲ್ಲೇ ಉಳಿಯಬಹುದು.

ಇಂತಿ,
ಆನ್‌ಲೈನ್ ಮಾರಾಟದ ತರಬೇತುದಾರರು,
ಸರಸ್ವತಿಪುರಂ, ಮೈಸೂರು